ಅಡಿಕೆ ಕಣ್ಣಿಗೆ ಕೊಂಬೆ ಕಾಣದು

ಅಡಿಕೆ ಮರಕ್ಕೆ ಕೊಂಬೆಯಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಿತ್ತಲಿನ ಮಾವು ಇಪ್ಪತ್ತು ಅಡಿ ಎತ್ತರಕ್ಕೆ ಹೋಗಿ, ತುದಿಯಲ್ಲಿ ಏಳು ಕಾಯಿ ಬಿಟ್ಟು, ಆ ಏಳನ್ನೂ ಮಂಗನಿಗೆ ಒಪ್ಪಿಸುವುದಕ್ಕೆ ಮೂಲ ಕಾರಣ ಇದೇ. ಹುಟ್ಟಿದಾಗಿನಿಂದ ಅಡಿಕೆ ನೋಡಿ ಬೆಳೆದ ಕಣ್ಣಿಗೆ ಒಳ್ಳೆಯ ಗಿಡವೆಂದರೆ ನೆಟ್ಟಗಿನ ಗಿಡ. ಕಸಿ ಮಾವಿನ ಸಸಿ ಒಂದೇ ಕುಡಿಯಲ್ಲಿ ಸರ್ರನೆ ಮೇಲೇರಿದರೆ ಬಂದವರಿಗೆಲ್ಲ ಕರೆದು ತೋರಿಸುತ್ತೇವೆ. "ನೋಡಿ ಮಾರಾಯ್ರೆ, ಹೋದ ಮಳೆಗಾಲದಲ್ಲಿ ನೆಟ್ಟಿದ್ದು!" ಬಂದವರೂ ಅಡಿಕೆಯವರೇ ಆದ್ದರಿಂದ ಕತ್ತೆತ್ತಿ ನೋಡಿ ಮೆಚ್ಚಿ ಹೋಗುತ್ತಾರೆ. ಕಾಯಿ ಬಿಡುವ ಕಾಲಕ್ಕೆ ಕತ್ತು ಎಲ್ಲರದ್ದೂ ಮೇಲೆಯೇ, ಕೈ ಮಾತ್ರ ಯಾರದ್ದೂ ಎಟಕುವುದಿಲ್ಲ.

ನೆಟ್ಟಗಿನ ಕೊಂಬೆಗೆ ಸಂಸಾರದ ಚಿಂತೆ ಇರುವುದಿಲ್ಲ. ಅದರ ತುದಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿಳಿಯುತ್ತ, ದಾರಿಯಲ್ಲಿ ಸಿಕ್ಕ ಕಣ್ಣುಗಳಿಗೆಲ್ಲ, ಅಂದರೆ ಚಿಗುರೊಡೆಯಬೇಕಾದ ಮೊಗ್ಗುಗಳಿಗೆಲ್ಲ, "ಸುಮ್ಮನಿರಿ" ಎಂದು ಗದರಿಸುತ್ತ ಹೋಗುತ್ತದೆ. ಕೂಡುಕುಟುಂಬದಲ್ಲಿ ಹಿರಿಯರು ಜಗಲಿಯ ಮೇಲೆ ನೆಟ್ಟಗೆ ಕೂತಿರುವಷ್ಟು ಹೊತ್ತು ಉಳಿದವರ ಬಾಯಿ ಏಳದಲ್ಲ, ಹಾಗೆ. ಅವರು ಆರಾಮ ಕುರ್ಚಿಗೆ ಒರಗಿದ ಮೇಲೆ ಒಳಗಿನಿಂದ ಒಂದೊಂದೇ ದನಿ ಕೇಳತೊಡಗುತ್ತದೆ. ಕೊಂಬೆಯನ್ನು ಓರೆಯಾಗಿ ಒರಗಿಸಿದರೂ ಅದೇ ಆಗುವುದು. ತುದಿಯ ಯಜಮಾನಿಕೆ ಸಡಿಲವಾಗಿ ಪಕ್ಕದ ಕಣ್ಣುಗಳು ಒಡೆಯುತ್ತವೆ, ಉದ್ದ ಬೆಳೆಯುವ ಆತುರ ತಗ್ಗುತ್ತದೆ, ಎಲೆ ಮಾಡಿದ ಆಹಾರ ಕೊಂಬೆಯಲ್ಲೇ ಉಳಿದು ಹೂವಿಗೆ ಒದಗುತ್ತದೆ.

ಎಷ್ಟು ಒರಗಿಸಬೇಕು ಎನ್ನುವಲ್ಲಿ ಮೊದಲ ಎಡವಟ್ಟು. ಕೆಲವರು ಮಕ್ಕಳ ಕಂಪಾಸ್ ಬಾಕ್ಸಿನಿಂದ ಕೋನಮಾಪಕ ಹುಡುಕಿ ತಂದು ಗಿಡದ ಬುಡದಲ್ಲಿ ಕೂರುತ್ತಾರೆ. ಬೇಡ. ಕಾಂಡವನ್ನು ಗಡಿಯಾರದ 12 ಎಂದುಕೊಳ್ಳಿ. ಬಲಗಡೆಯ ಕೊಂಬೆ 2ರ ಕಡೆ, ಎಡಗಡೆಯದು 10ರ ಕಡೆ ತೋರಿಸಿದರೆ 60 ಡಿಗ್ರಿ. ಒಂದೂವರೆ ಗಂಟೆಯ ಜಾಗ 45 ಡಿಗ್ರಿ. ಈ ಎರಡರ ನಡುವೆ ಎಲ್ಲಿದ್ದರೂ ಕ್ಷೇಮ. ಹನ್ನೆರಡಕ್ಕೆ ಅಂಟಿಕೊಂಡಂತೆ ಬೆಳೆದರೆ ಕಾಂಡ ಮತ್ತು ಕೊಂಬೆಯ ಸಂದಿಯಲ್ಲಿ ತೊಗಟೆ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಹೊರಗಿನಿಂದ ಗಟ್ಟಿಯಾಗಿ ಕಂಡರೂ ಒಳಗೆ ಮರಕ್ಕೆ ಮರ ಬೆಸೆದಿರುವುದಿಲ್ಲ. ಇಂಥ ಕೊಂಬೆ ಆರಿದ್ರಾ ಮಳೆಯ ಗಾಳಿಗೆ ಸೀಳುತ್ತದೆ, ಸೀಳುವಾಗ ಕಾಂಡದ ಅರ್ಧ ತೊಗಟೆಯನ್ನೂ ಎಳೆದುಕೊಂಡು ಹೋಗುತ್ತದೆ. ಹಾಗೆಂದು ಉತ್ಸಾಹದಲ್ಲಿ ಮೂರು ಗಂಟೆ ದಾಟಿಸಿ ನಾಲ್ಕಕ್ಕೆ ಇಳಿಸಿದರೆ ಕೊಂಬೆಯ ಬೆನ್ನ ಮೇಲೆ ನೀರುಚಿಗುರು (ಕಾಯಿಗೆ ಬಾರದೆ ಬರೀ ಉದ್ದ ಬೆಳೆಯುವ ಚಿಗುರು) ಸಾಲಾಗಿ ಎದ್ದು ನಿಲ್ಲುತ್ತವೆ, ಒಂದೊಂದೂ ಅಡಿಕೆ ಸಸಿಯಷ್ಟು ನೆಟ್ಟಗೆ! ಅಡಿಕೆ ಕಣ್ಣಿಗೆ ಅದೂ ಚೆಂದವೇ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ಗಾದೆಯನ್ನು ನಾವು ಪರೀಕ್ಷೆಯಲ್ಲಿ ಅಂಕ ಕಡಿಮೆ ತಂದ ಮಕ್ಕಳಿಗೆ ಬಿಟ್ಟರೆ ಬೇರೆ ಯಾರಿಗೂ ಬಳಸಿದ್ದಿಲ್ಲ. ಗಿಡಕ್ಕಂತೂ ಇಲ್ಲವೇ ಇಲ್ಲ. ಅಸಲಿಗೆ ಕೊಂಬೆ ಪೆನ್ಸಿಲ್ ದಪ್ಪ ಇರುವಾಗ ಬೆರಳಲ್ಲಿ ಆಗುವ ಕೆಲಸಕ್ಕೆ, ಅದು ಹೆಬ್ಬೆರಳಿನ ದಪ್ಪವಾದಾಗ ಹಗ್ಗ ಬೇಕು, ಮೊಣಕೈ ದಪ್ಪವಾದಾಗ ಗರಗಸ ಬೇಕು. ನಾವು ನೆನಪು ಮಾಡಿಕೊಳ್ಳುವುದು ಈ ಮೂರನೆಯ ಹಂತದಲ್ಲಿ.

ಸರಿಯಾಗಿ ಮಾಡುವುದಾದರೆ ಕೆಲಸ ಕೊಂಬೆಗಿಂತ ಮುಂಚೆಯೇ ಶುರು. ಮಾವಿನ ಕಸಿ ಎರಡೂವರೆ, ಮೂರು ಅಡಿ ಬಂದಾಗ ಕುಡಿ ಕತ್ತರಿಸಬೇಕು. ಇಲ್ಲಿ ಮನೆಯೊಳಗೆ ಗಲಾಟೆ ಖಚಿತ. "ಬೆಳೀತಾ ಇರೋ ಗಿಡದ ತಲೆ ಕಡಿದ್ರಲ್ಲ, ನಿಮಗೆಂತ ಬಂತು?" ಎಂದು ಅಡುಗೆಮನೆಯ ಕಿಟಕಿಯಿಂದಲೇ ಕೇಳುತ್ತಾರೆ. ಅಡಿಕೆಯ ಸುಳಿ ಹೋದರೆ ಮರವೇ ಹೋಯಿತು, ಆ ಭಯ. ಮಾವು ಹಾಗಲ್ಲ, ಕೆಳಗಿನಿಂದ ಐದಾರು ಚಿಗುರು ಕೊಡುತ್ತದೆ. ಅದರಲ್ಲಿ ಮೂರೋ ನಾಲ್ಕೋ ಇಟ್ಟುಕೊಳ್ಳಬೇಕು: ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದವು, ಕಾಂಡದ ಮೇಲೆ ಒಂದಕ್ಕೊಂದು ಸುಮಾರು ಅರ್ಧ ಅಡಿ ಮೇಲೆ ಕೆಳಗೆ ಇರುವಂಥವು. ಎಲ್ಲ ಒಂದೇ ಜಾಗದಿಂದ ಹೊರಟರೆ ನೋಡಲು ಕೊಡೆಯ ಕಡ್ಡಿಯಂತೆ ಚೆಂದ, ಮುರಿಯುವುದೂ ಹಳೆಯ ಕೊಡೆಯಂತೆಯೇ. ಕಸಿಗಂಟಿನ ಕೆಳಗಿನಿಂದ ಬಂದ ಚಿಗುರನ್ನು ಮಾತ್ರ ಎಷ್ಟೇ ಸೊಂಪಾಗಿದ್ದರೂ ಕಂಡ ದಿನವೇ ತೆಗೆಯಿರಿ. ಅದು ಬುಡದ ಕಾಡುಮಾವಿನದು. ಅದನ್ನು ಮುದ್ದಿನಿಂದ ಸಾಕಿ, ಮೇಲಿನ ಆಪೂಸನ್ನು ಸೊರಗಿಸಿ, ಕೊನೆಗೆ ಹುಳಿ ಗೊರಟು ತಿನ್ನುತ್ತ ನರ್ಸರಿಯವನಿಗೆ ಶಾಪ ಹಾಕುವವರು ಊರಿಗಿಬ್ಬರಾದರೂ ಇದ್ದಾರೆ. ಹಾಗೆಯೇ ಕಸಿಗಂಟಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ. ಗಂಟು ಕೂಡಿದ ಮೇಲೂ ಬಿಚ್ಚದಿದ್ದರೆ ಅದೇ ಗಿಡದ ಕುತ್ತಿಗೆ ಹಿಸುಕುತ್ತದೆ.

ಈಗ ಹಗ್ಗ. ತಂತಿ ಬೇಡವೇ ಬೇಡ, ತೊಗಟೆ ಕೊಯ್ಯುತ್ತದೆ. ನೈಲಾನ್ ಹಗ್ಗವೂ ತೆಳ್ಳಗಿದ್ದರೆ ತಂತಿಯ ತಮ್ಮನೇ. ಸುತಲಿ ಒಳ್ಳೆಯದು, ಸೈಕಲ್ ಟ್ಯೂಬಿನ ಪಟ್ಟಿ ಇನ್ನೂ ಒಳ್ಳೆಯದು. ಹಗ್ಗ ಕೊಂಬೆಗೆ ತಾಗುವಲ್ಲಿ ಅಡಿಕೆ ಹಾಳೆಯ ತುಂಡೊಂದನ್ನು ಮಡಚಿ ಇಡಿ. ಕುಣಿಕೆ ಹಾಕುವುದಲ್ಲ, ಎರಡು ಬೆರಳು ಆಡುವಷ್ಟು ಸಡಿಲ ಬಿಟ್ಟು ಕಟ್ಟುವುದು. ಕೊಂಬೆಯ ತುದಿಗೆ ಕಟ್ಟಿ ಎಳೆಯುವುದು ಬಹುಜನರ ತಪ್ಪು. ಆಗ ಕೊಂಬೆ ಒರಗುವುದಿಲ್ಲ, ಬಿಲ್ಲಾಗುತ್ತದೆ. ಬಿಲ್ಲಿನ ನೆತ್ತಿಯಿಂದ ಮತ್ತೆ ನೀರುಚಿಗುರು. ಬುಡದಿಂದ ಮೂರರಲ್ಲಿ ಎರಡು ಪಾಲು ದೂರದಲ್ಲಿ ಕಟ್ಟಿ, ಒಂದು ಕೈ ಸಂದಿಗೆ ಆನಿಸಿ, ಇನ್ನೊಂದರಲ್ಲಿ ನಿಧಾನ ಎಳೆದರೆ ಇಡೀ ಕೊಂಬೆ ಬುಡದಿಂದಲೇ ಬಾಗುತ್ತದೆ. ಮಧ್ಯಾಹ್ನ ಮಾಡಿ. ಬೆಳಿಗ್ಗೆ ನೀರು ತುಂಬಿ ಬಿರುಸಾಗಿರುವ ಎಳೆಕೊಂಬೆ ಬಿಸಿಲೇರಿದ ಮೇಲೆ ತುಸು ಮೆತ್ತಗಾಗಿರುತ್ತದೆ. ಎಳೆಯುವ ಮೊದಲು ಮೇಲೆ ಎಲೆ ಹೊಲಿದ ಗೂಡೇನಾದರೂ ಇದೆಯೇ ನೋಡಿಕೊಳ್ಳಿ. ಚಗಳಿ ಇರುವೆಗೆ 60 ಡಿಗ್ರಿಯ ಶಾಸ್ತ್ರ ಗೊತ್ತಿಲ್ಲ. ಕೊಂಬೆ ಅಲುಗಿದರೆ ಅಂಗಿಯೊಳಗೆ ಇಳಿಯುವುದಷ್ಟೇ ಗೊತ್ತು.

ಹಗ್ಗದ ಇನ್ನೊಂದು ತುದಿಯ ಗೂಟ ಒಂದೂವರೆ ಅಡಿಯದಾಗಿದ್ದು, ಒಂದು ಅಡಿ ನೆಲದೊಳಗಿರಬೇಕು, ತಲೆ ಗಿಡದ ವಿರುದ್ಧ ದಿಕ್ಕಿಗೆ ವಾಲಿರಬೇಕು. ನೆಟ್ಟಗೆ ಹೊಡೆದ ಗೂಟ ಒದ್ದೆ ಮಣ್ಣಿನಲ್ಲಿ ರಾತ್ರಿಯೊಳಗೆ ಕಿತ್ತು ಬಂದು ಬೆಳಿಗ್ಗೆ ಕೊಂಬೆಯಿಂದ ನೇತಾಡುತ್ತಿರುತ್ತದೆ. ಕೈಗೆ ಸಿಕ್ಕಿತೆಂದು ಗೊಬ್ಬರದ ಗಿಡದ್ದೋ ಹಾಲುವಾಣದ್ದೋ ಹಸಿ ಗೂಟ ಹೊಡೆದರೆ ಅದರ ಕಥೆಯೇ ಬೇರೆ. ಮಲೆನಾಡಿನ ಮಳೆಗೆ ಗೂಟ ಚಿಗುರಿ, ಬೇರು ಬಿಟ್ಟು, ಮುಂದಿನ ವರ್ಷಕ್ಕೆ ಮಾವಿಗೇ ನೆರಳು ಕೊಡುತ್ತ ನಿಂತಿರುತ್ತದೆ. ಒಣ ಬಿದಿರೋ ಅಡಿಕೆ ಮರ ಸೀಳಿದ ದಬ್ಬೆಯೋ ಸಾಕು. ಎಲ್ಲ ಹಗ್ಗವನ್ನೂ ಒಂದೇ ಬೇಲಿಕಂಬಕ್ಕೆ ಕಟ್ಟುವ ಸೋಮಾರಿಗಳಿಗೆ ವಾರದೊಳಗೆ ಇಡೀ ಸಸಿ ಪಕ್ಕದ ಮನೆಯ ಮಾತು ಕೇಳಿಸಿಕೊಳ್ಳುವಂತೆ ವಾಲಿರುವುದು ಕಾಣುತ್ತದೆ. ಒಂದನ್ನು ಈಚೆ ಎಳೆದರೆ ಇನ್ನೊಂದನ್ನು ಆಚೆ ಎಳೆಯಲೇಬೇಕು.

ಗೇಣುದ್ದಕ್ಕಿಂತ ಚಿಕ್ಕ ಚಿಗುರಿಗೆ ಹಗ್ಗ ದೊಡ್ಡ ಮಾತಾಯಿತು. ಬಟ್ಟೆ ಕ್ಲಿಪ್ಪನ್ನು ಚಿಗುರಿನ ಸ್ವಲ್ಪ ಮೇಲೆ ಕಾಂಡಕ್ಕೆ ಕಚ್ಚಿಸಿದರೆ ಅದರ ಬಾಲವೇ ಚಿಗುರನ್ನು ಹೊರಕ್ಕೆ ಒತ್ತಿ ಹಿಡಿಯುತ್ತದೆ. ಇಷ್ಟು ಅಗ್ಗದ, ಇಷ್ಟು ಚುರುಕಾದ ಉಪಾಯ ಇನ್ನೊಂದಿಲ್ಲ. ತೊಂದರೆಯೆಂದರೆ ಕ್ಲಿಪ್ಪು ಬರುವುದು ಮನೆಯ ತಂತಿಯಿಂದ. ಸಂಜೆ ಗಾಳಿಗೆ ಪಂಚೆ ಹಾರಿ ತೋಟದ ಕಪ್ಪಿಗೆ (ನೀರು ಬಸಿಯುವ ಕಾಲುವೆಗೆ) ಬಿದ್ದಾಗ ವಿಚಾರಣೆ ನಡೆದು, ಹನ್ನೆರಡು ಕ್ಲಿಪ್ಪೂ ಲಿಂಬೆ ಗಿಡದ ಮೇಲೆ ಪತ್ತೆಯಾಗುತ್ತವೆ. ಬೆರಳು ದಪ್ಪದ ಕೊಂಬೆಗಾದರೆ ದಬ್ಬೆಯ ತುಂಡಿನ ಎರಡೂ ತುದಿಗೆ ಕವೆಯಂತೆ ಕಚ್ಚು ಕೊಯ್ದು ಕಾಂಡ ಮತ್ತು ಕೊಂಬೆಯ ನಡುವೆ ಸಿಗಿಸಿದರಾಯಿತು. ದಬ್ಬೆಯ ಸಿಬಿರು ಮಾತ್ರ ಸವರಿಕೊಳ್ಳಿ. ಅದು ತೊಗಟೆಗಿಂತ ಮೊದಲು ನಮ್ಮ ಬೆರಳು ಹುಡುಕುತ್ತದೆ.

ಬಗ್ಗಿಸಿದ್ದಕ್ಕೆ ಕೂಡಲೇ ಕೂಲಿ ಕೊಡುವ ಗಿಡ ಪೇರಲೆ. ಅದು ಹೂ ಬಿಡುವುದು ಹೊಸ ಚಿಗುರಿನಲ್ಲಿ. ಉದ್ದ ಕೊಂಬೆಯ ತುದಿಯಲ್ಲಿ ಹತ್ತು ಹನ್ನೆರಡು ಜೋಡಿ ಎಲೆ ಉಳಿಸಿ ಉಳಿದ ಎಲೆ, ಹೂ, ಕಾಯಿ ತೆಗೆದು, ಬಗ್ಗಿಸಿ ಗೂಟಕ್ಕೆ ಕಟ್ಟಿದರೆ ಎರಡು ಮೂರು ವಾರದಲ್ಲಿ ಮೈತುಂಬ ಚಿಗುರು, ಒಂದೂವರೆ ಎರಡು ತಿಂಗಳಿಗೆ ಹೂವು. ಎಲೆ ಕಿತ್ತ ಗಿಡ ನೋಡಿ "ರೋಗ ಬಂದಿದೆಯಾ?" ಎಂದು ಕೇಳದ ದಾರಿಹೋಕನಿಲ್ಲ. ಮಾವಿನಿಂದ ಇಷ್ಟು ಚುರುಕು ನಿರೀಕ್ಷಿಸಬೇಡಿ. ಅದರ ಹೂ ಬಲಿತ ಚಿಗುರಿನ ತುದಿಯಲ್ಲಿ, ತುದಿ ಹೆಚ್ಚಾದಷ್ಟೂ ಹೂಗೊಂಚಲು ಹೆಚ್ಚು. ಅಲ್ಲಿ ಚಿವುಟುವುದು ಮುಖ್ಯ, ಒರಗಿಸುವುದು ಬೆಳಕಿಗೆ ಮತ್ತು ಗಟ್ಟಿತನಕ್ಕೆ. ಹಲಸಿಗೆ ಇದ್ಯಾವುದೂ ಬೇಕಿಲ್ಲ. ಕಾಂಡಕ್ಕೂ ದಪ್ಪ ಕೊಂಬೆಗೂ ಕಾಯಿ ಅಂಟಿಸಿಕೊಂಡು ನಿಲ್ಲುವ ಮರಕ್ಕೆ ಹೇಳಿಕೊಡುವುದೇನಿದೆ? ಜಾಯಿಕಾಯಿಯಲ್ಲಿ ಪಕ್ಕದ ರೆಂಬೆಯ ಕಡ್ಡಿಯಿಂದ ಕಸಿ ಕಟ್ಟಿದ್ದರೆ ಗಿಡ ಹುಟ್ಟಾ ಅಡ್ಡಡ್ಡ ಹರಡುತ್ತದೆ, ಅದನ್ನು ನೆಟ್ಟಗೆ ನಿಲ್ಲಿಸಲು ಹೆಣಗುವುದು ಅಡಿಕೆ ಕಣ್ಣಿನ ಇನ್ನೊಂದು ಹಟ. ನೆಟ್ಟಗಿನ ಗಿಡ ಬೇಕಿದ್ದರೆ ನೇರ ಕುಡಿಯ ಕಸಿಯನ್ನೇ ಕೇಳಿ ತರಬೇಕಿತ್ತು.

ಅಪ್ಪೆಮಿಡಿಯ ಕಸಿ ಚಿಕ್ಕಂದಿನಲ್ಲೇ ಹೂ ತೋರಿಸಿ ಮನೆಯವರನ್ನು ಪರೀಕ್ಷಿಸುತ್ತದೆ. ಮೊದಲ ಮೂರು ವರ್ಷ ಹೂ ಚಿವುಟಿ ಹಾಕಬೇಕು, ಇಲ್ಲದಿದ್ದರೆ ಎಳೆಕೊಂಬೆ ಬೆಳೆಯುವುದು ನಿಲ್ಲಿಸುತ್ತದೆ. ಆದರೆ ಹದಿನಾರು ಮಿಡಿ ಕಚ್ಚಿದ ಗಿಡದ ಮುಂದೆ, ಉಪ್ಪಿನಕಾಯಿ ಭರಣಿ ತೊಳೆದು ಒರೆಸಿಟ್ಟ ಅತ್ತೆಯವರ ಎದುರು ಈ ಮಾತು ಆಡುವ ಧೈರ್ಯ ಯಾವ ತೋಟಗಾರಿಕೆ ಅಧಿಕಾರಿಗೂ ಇರಲಾರದು. ಒಂದು ವರ್ಷದ ಬೆಳವಣಿಗೆ ಹೋಯಿತೆಂದು ಸುಮ್ಮನಾಗುವುದೇ ಸರಿ.

ಕತ್ತರಿಸಿದ ಗಾಯವನ್ನು ನಮ್ಮ ಮಳೆಗೆ ಬರಿದೆ ಬಿಡುವಂತಿಲ್ಲ, ತುದಿಯಿಂದ ಕೊಳೆತು ಕೆಳಗಿಳಿಯುತ್ತದೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಊರಿನಲ್ಲಿ ಇದಕ್ಕೆ ಮದ್ದು ಹುಡುಕಬೇಕಾಗಿಲ್ಲ: 100 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ, ಎರಡನ್ನೂ ಬೇರೆ ಬೇರೆ ಕರಗಿಸಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕೂಡಿಸಿದರೆ ಬೋರ್ಡೋ ಮುಲಾಮು. ಅಡಿಕೆಗೆ ಹೊಡೆಯುವ ಶೇಕಡಾ 1ರ ದ್ರಾವಣಕ್ಕೂ ಇದಕ್ಕೂ ನೀರಿನಲ್ಲಿ ಹತ್ತು ಪಟ್ಟು ವ್ಯತ್ಯಾಸ. ಡ್ರಮ್ಮಿನ ತಳದಲ್ಲಿ ಉಳಿದ ತೆಳು ನೀರನ್ನೇ ಗಾಯಕ್ಕೆ ಬಳಿದು "ಹಚ್ಚಿಯಾಯಿತು" ಎನ್ನುವವರ ಗಿಡ ಒಣಗುವುದಕ್ಕೆ ಕಾರಣ ಅದೇ. ಕಬ್ಬಿಣದ ಕತ್ತಿ ಅದ್ದಿ ತೆಗೆದಾಗ ಕೆಂಪಡರಿದರೆ ಇನ್ನಷ್ಟು ಸುಣ್ಣ ಬೇಕೆಂದರ್ಥ. ಕಲಸಿದ ದಿನವೇ ಮುಗಿಸಿ.

ಕಟ್ಟುವುದಕ್ಕೆ ಹಸ್ತ, ಚಿತ್ತೆ ಮಳೆಯ ಹೊತ್ತು (ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್) ಒಳ್ಳೆಯದು. ಕೊಂಬೆ ಇನ್ನೂ ಎಳಸು, ಗಾಳಿಯ ಅಬ್ಬರ ಇಳಿದಿರುತ್ತದೆ, ಕಾಲಿಗೆ ಹತ್ತುವ ಇಂಬಳವೂ (ಜಿಗಣೆ) ಕಡಿಮೆ. ಎಳೆಯ ಕೊಂಬೆ ಎರಡು ಮೂರು ತಿಂಗಳಲ್ಲಿ ಕೊಟ್ಟ ಭಂಗಿಯನ್ನು ಒಪ್ಪಿಕೊಳ್ಳುತ್ತದೆ; ಬೆರಳಿಗಿಂತ ದಪ್ಪದ್ದು ಬೇಸಿಗೆ ಪೂರ್ತಿ ಕೇಳುತ್ತದೆ. ಮಂಗಗಳು ಮಾತ್ರ ಮೊದಲ ದಿನವೇ ಒಪ್ಪಿಕೊಳ್ಳುತ್ತವೆ, ಕೂರಲು ಇಷ್ಟು ಅನುಕೂಲವಾದ ಕೊಂಬೆ ಅವಕ್ಕೆ ಹಿಂದೆ ಯಾರೂ ಮಾಡಿಕೊಟ್ಟಿರಲಿಲ್ಲ.

ಎಲ್ಲ ಎಡವಟ್ಟುಗಳ ಅಪ್ಪನೆಂದರೆ ಹಗ್ಗ ಬಿಚ್ಚಲು ಮರೆಯುವುದು. ಜೂನ್ ಮೊದಲ ಭಾಗದ ಮೃಗಶಿರಾ ಮಳೆ ಹಿಡಿಯುವುದರೊಳಗೆ ಬಿಚ್ಚಬೇಕು. ಮಳೆಗೆ ಕೊಂಬೆ ದಪ್ಪಗಾಗತೊಡಗಿದರೆ ಹಗ್ಗ ತೊಗಟೆಯೊಳಗೆ ಹೂತು, ಎಲೆ ಮಾಡಿದ ಆಹಾರ ಕೆಳಗಿಳಿಯದೆ, ಆ ಜಾಗದಲ್ಲೇ ಒಂದು ದಿನ ಲಟಕ್ಕೆಂದು ಮುರಿಯುತ್ತದೆ. ಮರೆಯದಿರಲು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಗುರುತು ಹಾಕುವುದು ವಾಡಿಕೆ. ಬರೆಯುವಾಗ "ಹಗ್ಗ ಬಿಚ್ಚುವುದು" ಎಂದು ಪೂರ್ತಿ ಬರೆಯಿರಿ. ಬರೀ "ಹಗ್ಗ" ಎಂದಿದ್ದರೆ ಪೇಟೆಗೆ ಹೋದವರು ನೋಡಿಕೊಂಡು ಹೋಗಿ ಇನ್ನೊಂದು ಸುರುಳಿ ತಂದಿಡುತ್ತಾರೆ.