ಹುಡುಗಿಯನ್ನು ಆಟಕ್ಕೆ ಕರೆಯುವವರು ಸಂಬಳದ ಮಾತನ್ನೂ ಆಡಲಿ

ಕಳೆದ ವಾರ ಸಂಜೆ ಶಾಲೆಯ ಮೈದಾನದಲ್ಲಿ ಖೋ ಖೋ ಅಭ್ಯಾಸ ನಡೆಯುತ್ತಿತ್ತು. ನಮ್ಮ ತಂಡದಲ್ಲಿ ಎಲ್ಲರಿಗಿಂತ ಚುರುಕಾಗಿ ಓಡುವ ಹುಡುಗಿಯ ತಾಯಿ ಬಂದು, ಹೂವಿನ ಬುಟ್ಟಿಯನ್ನು ಕಂಬದ ಬಳಿ ಇಳಿಸಿ ನಿಂತರು. ಅಭ್ಯಾಸ ಮುಗಿಯುವವರೆಗೂ ಕಾದು ಕೇಳಿದರು: "ಮೇಡಂ, ರಗ್ಬಿ ಎಂಬ ಆಟಕ್ಕೆ ಇವಳನ್ನು ಕರೆಯುತ್ತಿದ್ದಾರೆ. ಖೋ ಖೋ ಬಿಡಬೇಕಂತೆ. ಅದನ್ನು ಆಡಿದರೆ ಸಂಬಳ ಬರುತ್ತದೆಯೇ?"

ವಿಚಾರಿಸಿ ಹೇಳುತ್ತೇನೆ ಎಂದೆ. ದೈಹಿಕ ಶಿಕ್ಷಕಿಯಾಗಿ ಇಪ್ಪತ್ತು ವರ್ಷ ಕಳೆದಿದ್ದೇನೆ, 2016ರ ರಿಯೊ ಒಲಿಂಪಿಕ್ಸ್‌ನಿಂದ ಈ ಏಳು ಜನರ ರಗ್ಬಿಯನ್ನು, ಅಂದರೆ ಸೆವೆನ್ಸನ್ನು, ಬಿಡದೆ ನೋಡಿದ್ದೇನೆ. ಆದರೂ ಆ ತಾಯಿಗೆ ಆ ಕ್ಷಣ ನೇರ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಆ ಸಂಕಟದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಹದಿನೈದು ಜನ ಆಡುವ ರಗ್ಬಿಯ ಅಷ್ಟೇ ದೊಡ್ಡ ಮೈದಾನದಲ್ಲಿ ಇಲ್ಲಿ ತಂಡಕ್ಕೆ ಏಳೇ ಜನ. ಏಳು ನಿಮಿಷಗಳ ಎರಡು ಅವಧಿ. ಜಾಗ ವಿಶಾಲ, ಜನ ಕಡಿಮೆ. ಹಾಗಾಗಿ ಓಟ ಬಲ್ಲವರಿಗೆ, ಓಡುತ್ತಲೇ ದಿಕ್ಕು ಬದಲಿಸಬಲ್ಲವರಿಗೆ ಇದು ಹೇಳಿ ಮಾಡಿಸಿದ ಆಟ. ಖೋ ಖೋ, ಕಬಡ್ಡಿ ಆಡುವ ಮಕ್ಕಳ ಮೇಲೆ ರಗ್ಬಿಯವರ ಕಣ್ಣು ಬೀಳುವುದು ಸಹಜ. ಬೇರೆ ಆಟದಿಂದ ಬಂದವರನ್ನು ಕೆಲವೇ ವರ್ಷಗಳಲ್ಲಿ ಅಂತರರಾಷ್ಟ್ರೀಯ ಮಟ್ಟಕ್ಕೆ ಏರಿಸಬಹುದು ಎಂಬುದು ಜಗತ್ತಿಗೆಲ್ಲ ತಿಳಿದಿದೆ.

2009ರ ಅಕ್ಟೋಬರ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಸೇರಿದ ಒಲಿಂಪಿಕ್ ಸಮಿತಿ ಈ ಆಟವನ್ನು ಒಲಿಂಪಿಕ್ಸ್‌ಗೆ ಸೇರಿಸಿಕೊಂಡಿತು. ಪುರುಷರ ರಗ್ಬಿಗೆ ನೂರು ವರ್ಷಗಳಿಗೂ ಮೀರಿದ ಕ್ಲಬ್ಬುಗಳಿದ್ದವು, ಆಟಗಾರರು ಸಾಲುಗಟ್ಟಿ ನಿಂತಿದ್ದರು. ಮಹಿಳೆಯರ ಕಡೆ ತಂಡ ತುಂಬಲು ಹೊರಗೆ ಹುಡುಕಬೇಕಾಯಿತು. ನ್ಯೂಜಿಲೆಂಡ್ 2012ರಲ್ಲಿ ಊರೂರಿನಲ್ಲಿ ಆಯ್ಕೆ ಶಿಬಿರ ಇಟ್ಟಿತು; ಯಾವ ಆಟ ಆಡುವವರಾದರೂ ಬರಬಹುದಿತ್ತು. ನೂರಾರು ಯುವತಿಯರು ಬಂದರು. ಅವರಲ್ಲಿ ಪೋರ್ಷಿಯಾ ವುಡ್‌ಮನ್ ಒಬ್ಬರು. ತಂದೆಯೂ ತಂದೆಯ ಸಹೋದರನೂ ಆಲ್ ಬ್ಲ್ಯಾಕ್ಸ್, ಅಂದರೆ ನ್ಯೂಜಿಲೆಂಡಿನ ಪುರುಷರ ರಾಷ್ಟ್ರೀಯ ರಗ್ಬಿ ತಂಡದಲ್ಲಿ ಆಡಿದವರು, ಆದರೆ ಈಕೆ ಆಡುತ್ತಿದ್ದುದು ನೆಟ್‌ಬಾಲ್. ಆಸ್ಟ್ರೇಲಿಯಾ ಟಚ್ ಫುಟ್‌ಬಾಲ್‌ನಿಂದ (ಎದುರಾಳಿಯನ್ನು ಬೀಳಿಸದೆ ಬರೀ ಮುಟ್ಟಿ ತಡೆಯುವ, ರಗ್ಬಿಯಂಥ ಆಟ) ಶಾರ್ಲೆಟ್ ಕ್ಯಾಸ್ಲಿಕ್‌ರನ್ನು, ಬಾಸ್ಕೆಟ್‌ಬಾಲ್‌ನಿಂದ ಕ್ಲೋಯಿ ಡಾಲ್ಟನ್‌ರನ್ನು ಕರೆತಂದಿತು. ರಿಯೊದಲ್ಲಿ ಆಸ್ಟ್ರೇಲಿಯಾದ ಮಹಿಳೆಯರು ಫೈನಲ್‌ನಲ್ಲಿ ಇದೇ ನ್ಯೂಜಿಲೆಂಡನ್ನು 24-17ರಿಂದ ಸೋಲಿಸಿ ಚಿನ್ನ ಗೆದ್ದರು. ಆ ಪಂದ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಬೇರೆ ಬೇರೆ ಆಟಗಳಿಂದ ಹೆಕ್ಕಿ ತಂದ ಹುಡುಗಿಯರು ಅಷ್ಟು ಒಗ್ಗಟ್ಟಿನಿಂದ ಆಡುವುದನ್ನು ಕಂಡು ಕಣ್ಣು ತುಂಬಿತ್ತು.

ಪುರುಷರಲ್ಲೂ ಇಂಥ ವಲಸೆ ಇಲ್ಲವೆಂದಲ್ಲ. ಅಮೆರಿಕದ ಕಾರ್ಲಿನ್ ಐಲ್ಸ್ ಓಟದ ಟ್ರ್ಯಾಕ್ ಬಿಟ್ಟು ಇಲ್ಲಿಗೆ ಬಂದವರು. ಆದರೆ ಹೆಚ್ಚಿನ ದೇಶಗಳ ಪುರುಷರಿಗೆ ಸೆವೆನ್ಸ್ ಒಂದು ಹೆಬ್ಬಾಗಿಲು. ಅದನ್ನು ದಾಟಿದರೆ ಒಳಗೆ ಹದಿನೈದು ಜನರ ರಗ್ಬಿಯ ದೊಡ್ಡ ಮನೆ, ಅಲ್ಲಿ ದೊಡ್ಡ ದುಡ್ಡು. ಫಿಜಿಯನ್ನೇ ನೋಡಿ. ಆ ದೇಶಕ್ಕೆ ಮೊದಲ ಒಲಿಂಪಿಕ್ ಪದಕ ತಂದದ್ದೇ ರಿಯೊದ ಪುರುಷರ ತಂಡ. ಫೈನಲ್‌ನಲ್ಲಿ ಬ್ರಿಟನ್ನನ್ನು 43-7ರಿಂದ ಮಣಿಸಿದರು. ಸರ್ಕಾರ ಅದರ ನೆನಪಿಗೆ ಏಳು ಡಾಲರಿನ ನೋಟನ್ನೇ ಅಚ್ಚು ಹಾಕಿಸಿತು. ಅಲ್ಲಿನ ರಗ್ಬಿ ಮಂಡಳಿಯ ಬಡತನ ಎಂಥದ್ದಿತ್ತೆಂದರೆ, 2013ರಲ್ಲಿ ಇಂಗ್ಲೆಂಡಿನಿಂದ ಬಂದ ತರಬೇತುದಾರ ಬೆನ್ ರಯನ್‌ಗೆ ಮೊದಲ ಕೆಲವು ತಿಂಗಳು ಸಂಬಳವೇ ಸಿಗಲಿಲ್ಲ. ಆಟಗಾರರಲ್ಲಿ ಪೊಲೀಸರಿದ್ದರು, ಜೈಲು ಸಿಬ್ಬಂದಿ ಇದ್ದರು. ಪ್ರತಿಭೆ ಇದ್ದವನು ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ಕ್ಲಬ್ಬಿಗೆ ಹೋಗುತ್ತಿದ್ದ. ಚಿನ್ನ ಗೆದ್ದ ತಂಡದ ಜೋಸುವಾ ಟುಯಿಸೋವಾ, ಲಿಯೋನೆ ನಕರಾವಾ ಇಬ್ಬರೂ ಹಾಗೆ ಅಲ್ಲಿ ಆಡಿದವರೇ. ದೇಶಕ್ಕೆ ನಷ್ಟ, ಆದರೆ ಆ ಹುಡುಗನ ಮನೆಗೆ ಹೆಂಚು ಬಿತ್ತು. ಅದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ.

ಇದಕ್ಕೆ ತಿರುಗುಮುರುಗಾದ ದಾರಿ ಫ್ರಾನ್ಸಿನ ಆಂಟ್ವಾನ್ ಡ್ಯುಪಾಂಟ್‌ರದು. ಹದಿನೈದು ಜನರ ರಗ್ಬಿಯಲ್ಲಿ ಜಗತ್ತೇ ಬಲ್ಲ ಆಟಗಾರ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗಾಗಿ ಕೆಲವು ತಿಂಗಳು ಸೆವೆನ್ಸ್‌ಗೆ ಬಂದು, ಫಿಜಿಯನ್ನು ಸೋಲಿಸಿ ಚಿನ್ನ ಗೆದ್ದು, ತಮ್ಮ ತುಲೂಸ್ ಕ್ಲಬ್ಬಿಗೆ ಮರಳಿದರು. ಒಲಿಂಪಿಕ್ಸ್ ಮುಗಿದ ಮೇಲೆ ಹೊಟ್ಟೆಪಾಡು ಏನು ಎಂಬ ಯೋಚನೆ ಅವರಿಗೆ ಬೇಕಿರಲಿಲ್ಲ.

ಮಹಿಳೆಯರ ಮಾತು ಬೇರೆ. ನ್ಯೂಜಿಲೆಂಡಿನಲ್ಲಿ ಹದಿನೈದು ಜನರ ಮಹಿಳಾ ರಾಷ್ಟ್ರೀಯ ತಂಡಕ್ಕೆ ವೇತನದ ಒಪ್ಪಂದ ಬಂದದ್ದು 2018ರಲ್ಲಿ. ಅಷ್ಟು ಹೊತ್ತಿಗಾಗಲೇ ಆ ತಂಡ ನಾಲ್ಕಕ್ಕಿಂತ ಹೆಚ್ಚು ಸಲ ವಿಶ್ವಕಪ್ ಗೆದ್ದಿತ್ತು! ಅಲ್ಲಿಯವರೆಗೆ ರಗ್ಬಿಯಿಂದ ಸಂಬಳ ಬೇಕೆಂದರೆ ಹೆಣ್ಣುಮಕ್ಕಳಿಗೆ ಇದ್ದ ದಾರಿ ಸೆವೆನ್ಸ್ ಒಂದೇ. ಗಂಡುಮಕ್ಕಳಿಗೆ ಹೆಬ್ಬಾಗಿಲಾಗಿದ್ದದ್ದು ಇವರಿಗೆ ಇಡೀ ಮನೆಯಾಗಿತ್ತು. ಆ ಮನೆಯ ಬೀಗದ ಕೈ ಒಲಿಂಪಿಕ್ಸ್‌ನ ಕೈಯಲ್ಲಿ.

ಆ ಬೀಗ ಹೇಗೆ ಬೀಳುತ್ತದೆ ಎಂಬುದನ್ನು ಇಂಗ್ಲೆಂಡ್ ತೋರಿಸಿಕೊಟ್ಟಿದೆ. 2014ರಲ್ಲಿ ಅಲ್ಲಿನ ಮಹಿಳೆಯರು ಹದಿನೈದು ಜನರ ವಿಶ್ವಕಪ್ ಗೆದ್ದ ಬೆನ್ನಿಗೇ ಮಂಡಳಿ 20 ಆಟಗಾರ್ತಿಯರಿಗೆ ಪೂರ್ಣಾವಧಿ ಒಪ್ಪಂದ ಪ್ರಕಟಿಸಿತು. ಆದರೆ ಅದು ಸೆವೆನ್ಸ್‌ಗೆ, ರಿಯೊವನ್ನು ಗುರಿಯಾಗಿಟ್ಟುಕೊಂಡು. ರಿಯೊ ಮುಗಿಯಿತು, 2017ರ ವಿಶ್ವಕಪ್ ಹತ್ತಿರ ಬಂತು, ಹಣ ಹದಿನೈದು ಜನರ ಕಡೆಗೆ ಹೊರಳಿತು. ಆ ವಿಶ್ವಕಪ್‌ಗೆ ಕೆಲವೇ ತಿಂಗಳು ಇರುವಾಗ, ಟೂರ್ನಿ ಮುಗಿದ ಮೇಲೆ ಈ ಒಪ್ಪಂದಗಳನ್ನು ಮುಂದುವರಿಸುವುದಿಲ್ಲ, ಮತ್ತೆ ಸೆವೆನ್ಸ್ ಕಡೆಗೆ ಗಮನ ಕೊಡುತ್ತೇವೆ ಎಂದರು. ಕೆಲಸ ಹೋಗುವುದು ಗೊತ್ತಿದ್ದೇ ಆ ಹೆಣ್ಣುಮಕ್ಕಳು ಫೈನಲ್‌ವರೆಗೆ ಆಡಿದರು, 41-32ರಿಂದ ಸೋತರು. 2019ರ ಜನವರಿಯಲ್ಲಿ ಹದಿನೈದು ಜನರ ತಂಡಕ್ಕೆ 28 ಪೂರ್ಣಾವಧಿ ಒಪ್ಪಂದ ಮತ್ತೆ ಬಂತು. 2020ರ ಆಗಸ್ಟ್‌ನಲ್ಲಿ, ಕೋವಿಡ್ ಹೊಡೆತಕ್ಕೆ, ಸೆವೆನ್ಸ್‌ನ ಪುರುಷರು ಮಹಿಳೆಯರು ಇಬ್ಬರ ಒಪ್ಪಂದಗಳನ್ನೂ ಕೊನೆಗೊಳಿಸಿದರು. ಟೋಕಿಯೊ ಒಲಿಂಪಿಕ್ಸ್‌ಗೆ ಇದ್ದದ್ದು ಒಂದು ವರ್ಷ. ಲಾಟರಿ ಸಂಸ್ಥೆಯ ಹಣದಿಂದ ಬ್ರಿಟನ್ ತಂಡಗಳನ್ನು ಹೇಗೋ ಕಟ್ಟಿದರು. ಎರಡೂ ತಂಡಗಳು ನಾಲ್ಕನೆಯ ಸ್ಥಾನಕ್ಕೆ ನಿಂತವು. ಮಹಿಳೆಯರ ಕೈಯಿಂದ ಕಂಚು ಕಸಿದವರು ಫಿಜಿಯ ಮಹಿಳೆಯರು. 2025ರಲ್ಲಿ ಬ್ರಿಟನ್ನಿನ ಪೂರ್ಣಾವಧಿ ಸೆವೆನ್ಸ್ ಕಾರ್ಯಕ್ರಮವನ್ನೇ ನಿಲ್ಲಿಸುವ ತೀರ್ಮಾನ ಬಂತು.

ಒಂದು ದಶಕದಲ್ಲಿ ಎಷ್ಟು ಸಲ ಆ ಹೆಣ್ಣುಮಕ್ಕಳು ಬಾಡಿಗೆ ಮನೆಯ ಮಾಲೀಕರಿಗೆ ವಿವರಣೆ ಕೊಟ್ಟಿರಬೇಕು ಎಂದು ಯೋಚಿಸುತ್ತೇನೆ. 2020ರಲ್ಲಿ ಗಂಡಸರಿಗೂ ಅದೇ ಪೆಟ್ಟು ಬಿತ್ತು, ನಿಜ. ಸಮಾನತೆ ಎಂದರೆ ಇಬ್ಬರನ್ನೂ ಒಟ್ಟಿಗೆ ಹೊರಗೆ ಕಳುಹಿಸುವುದು ಎಂದಾಗಬಾರದು.

"ಮಹಿಳೆಯರ ಆಟದಿಂದ ದುಡ್ಡು ಬರುವುದಿಲ್ಲ, ಸಮಾನ ವೇತನ ಎಲ್ಲಿಂದ ಕೊಡುವುದು?" ಎಂದು ಯಾವ ಆಟದ ಚರ್ಚೆಯಲ್ಲೂ ಒಬ್ಬರಾದರೂ ಕೇಳುತ್ತಾರೆ. ಬೇರೆ ಆಟಗಳ ಮಾತು ಬೇರೆ ಇರಬಹುದು, ಸೆವೆನ್ಸ್‌ನಲ್ಲಿ ಈ ಪ್ರಶ್ನೆಗೆ ಕಾಲೇ ಇಲ್ಲ. ವಿಶ್ವ ಸರಣಿಯಲ್ಲಿ ಪುರುಷರ, ಮಹಿಳೆಯರ ಪಂದ್ಯಗಳು ಅದೇ ವಾರಾಂತ್ಯ, ಅದೇ ಮೈದಾನದಲ್ಲಿ, ಒಂದರ ಹಿಂದೆ ಒಂದು ನಡೆಯುತ್ತವೆ. ಪ್ರೇಕ್ಷಕ ಕೊಳ್ಳುವುದು ಒಂದೇ ಟಿಕೆಟ್. ಅದರಲ್ಲಿ ಇಷ್ಟು ರೂಪಾಯಿ ಗಂಡಸರದು, ಇಷ್ಟು ಹೆಂಗಸರದು ಎಂದು ಯಾರು ಹರಿದು ಹಂಚುತ್ತಾರೆ? ಇನ್ನು ಬಹಳಷ್ಟು ದೇಶಗಳಲ್ಲಿ ಈ ಆಟಕ್ಕೆ ಸರ್ಕಾರದ ಹಣ ಬರುವುದು ಒಲಿಂಪಿಕ್ ಪದಕದ ಆಸೆಯಿಂದ. ಹಾಗಾದರೆ ಪದಕವನ್ನೇ ಲೆಕ್ಕ ಹಾಕೋಣ. ಮೂರು ಒಲಿಂಪಿಕ್ಸ್‌ಗಳಲ್ಲಿ ನ್ಯೂಜಿಲೆಂಡಿನ ಮಹಿಳೆಯರಿಗೆ ಎರಡು ಚಿನ್ನ, ಒಂದು ಬೆಳ್ಳಿ. ಪುರುಷರಿಗೆ ಒಂದು ಬೆಳ್ಳಿ. ಆಸ್ಟ್ರೇಲಿಯಾದ ಮಹಿಳೆಯರಿಗೆ ಒಂದು ಚಿನ್ನ, ಕೆನಡಾದ ಮಹಿಳೆಯರಿಗೆ ಒಂದು ಕಂಚು, ಒಂದು ಬೆಳ್ಳಿ, ಅಮೆರಿಕದ ಮಹಿಳೆಯರಿಗೆ ಒಂದು ಕಂಚು. ಈ ಮೂರೂ ದೇಶಗಳ ಪುರುಷರಿಗೆ ಸೆವೆನ್ಸ್‌ನಲ್ಲಿ ಒಂದು ಪದಕವೂ ಬಂದಿಲ್ಲ. ಸಾಧನೆಯನ್ನೇ ಅಳೆದು ಕೊಡುವುದಾದರೆ ಹೆಚ್ಚು ಸಂಬಳ ಯಾರಿಗೆ ಹೋಗಬೇಕಿತ್ತು?

ಆಸ್ಟ್ರೇಲಿಯಾ 2018ರಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. ಆಟಗಾರರ ಸಂಘದೊಂದಿಗಿನ ಒಪ್ಪಂದದಲ್ಲಿ ಸೆವೆನ್ಸ್‌ನ ಪುರುಷರಿಗೂ ಮಹಿಳೆಯರಿಗೂ ಆರಂಭಿಕ ಸಂಬಳ ಒಂದೇ ಎಂದು ಬರೆಯಲಾಯಿತು. ಪಾಯ ಸಮವಾಯಿತು. ಪಾಯದ ಮೇಲೆ ಏಳುವ ಗೋಡೆ ಮಾತ್ರ ಪುರುಷರ ಕಡೆಗೇ ಎತ್ತರ, ಏಕೆಂದರೆ ಅವರನ್ನು ಕೊಳ್ಳಲು ಹೊರಗೆ ಕ್ಲಬ್ಬುಗಳಿವೆ. ಆದ್ದರಿಂದಲೇ ನಾನು ಸಂಬಳದ ಮೊತ್ತಕ್ಕಿಂತ ಒಪ್ಪಂದದ ಅವಧಿಯನ್ನು ಮೊದಲು ನೋಡುತ್ತೇನೆ. ಪ್ಯಾರಿಸ್‌ನಲ್ಲಿ ಅಮೆರಿಕದ ಮಹಿಳೆಯರು ಕೊನೆಯ ಕ್ಷಣದ ಓಟದಲ್ಲಿ ಆಸ್ಟ್ರೇಲಿಯಾವನ್ನು 14-12ರಿಂದ ಸೋಲಿಸಿ ಕಂಚು ಗೆದ್ದಾಗ, ಉದ್ಯಮಿ ಮಿಷೆಲ್ ಕಾಂಗ್ ಆ ತಂಡಕ್ಕೆ 40 ಲಕ್ಷ ಡಾಲರ್ ಪ್ರಕಟಿಸಿದರು. ಎಲ್ಲರೂ ಮೊತ್ತಕ್ಕೆ ಬೆರಗಾದರು. ನನಗೆ ಹಿಡಿಸಿದ್ದು ಅದು ನಾಲ್ಕು ವರ್ಷಗಳಿಗೆ, ಮುಂದಿನ ಒಲಿಂಪಿಕ್ಸ್‌ವರೆಗೆ ಎಂಬುದು. ನಾಲ್ಕು ವರ್ಷ ಎಂದರೆ ಒಬ್ಬಳು ಧೈರ್ಯದಿಂದ ಓದು ಮುಗಿಸಬಹುದು, ಗಾಯಗೊಂಡರೆ ಗುಣವಾಗಲು ಕಾಯಬಹುದು. ಹಾಗೆಂದು ಒಂದು ದೇಶದ ತಂಡ ಒಬ್ಬ ಉದಾರಿಯ ಮನಸ್ಸಿನ ಮೇಲೆ ನಿಲ್ಲಬೇಕಾದದ್ದು ನೆಮ್ಮದಿಯ ವಿಷಯವಲ್ಲ.

ಗಂಡುಮಕ್ಕಳ ಗೋಳನ್ನು ಮರೆತಿಲ್ಲ. 2018ರಲ್ಲಿ ಕೀನ್ಯಾದ ಪುರುಷರ ತಂಡ ಪ್ಯಾರಿಸ್‌ನಲ್ಲಿ ಜೆರ್ಸಿಯ ಮೇಲಿನ ಪ್ರಾಯೋಜಕರ ಹೆಸರನ್ನು ಮುಚ್ಚಿಕೊಂಡು ಮೈದಾನಕ್ಕಿಳಿಯಿತು, ಬಾಕಿ ಹಣಕ್ಕಾಗಿ. ಅದಕ್ಕೆ ಎರಡು ವರ್ಷ ಹಿಂದೆ ಸಿಂಗಪುರದಲ್ಲಿ ಫಿಜಿಯನ್ನೇ 30-7ರಿಂದ ಸೋಲಿಸಿ ಕಪ್ ಎತ್ತಿದ್ದ ತಂಡವದು.

ಈಗ ನಮ್ಮ ದೇಶ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನ ರಗ್ಬಿಗೆ ಭಾರತದಿಂದ ಹೋದದ್ದು ಮಹಿಳೆಯರ ತಂಡ ಮಾತ್ರ. ಒಡಿಶಾದ ಬುಡಕಟ್ಟು ಹಳ್ಳಿಗಳಿಂದ, ಬಿಹಾರದಿಂದ, ಉತ್ತರ ಬಂಗಾಳದ ಚಹಾ ತೋಟದಿಂದ ಬಂದ ಹುಡುಗಿಯರು ಈ ಆಟದಲ್ಲಿ ದೇಶದ ಹೆಸರು ಹೊತ್ತಿದ್ದಾರೆ. ಎರಡು ವರ್ಷಗಳ ನಂತರ, 2025ರ ಜೂನ್‌ನಲ್ಲಿ, ಮುಂಬೈಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಶುರುವಾಯಿತು. ಆರು ತಂಡಗಳು, ಅವುಗಳಲ್ಲಿ ನಮ್ಮ ಬೆಂಗಳೂರು ಬ್ರೇವ್‌ಹಾರ್ಟ್ಸ್ ಕೂಡ ಒಂದು. ವಿದೇಶದ ಹೆಸರಾಂತ ಆಟಗಾರರು ಬಂದರು, ಟಿ.ವಿ.ಯಲ್ಲಿ ನೇರ ಪ್ರಸಾರವಾಯಿತು. ಬೆಂಗಳೂರಿನ ಹೆಸರಿರುವ ತಂಡವೆಂದು ನಾನೂ ಕೂತು ನೋಡಿದೆ. ಆ ಮೊದಲ ಆವೃತ್ತಿ ಪುರುಷರಿಗೆ ಮಾತ್ರ. ಏಷ್ಯನ್ ಗೇಮ್ಸ್‌ಗೆ ಯಾರು ಹೋಗಿದ್ದರು, ಹರಾಜಿನ ಹಣ ಯಾರಿಗೆ ಸಿಕ್ಕಿತು ಎಂಬುದನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಆದ ಬೇಸರವನ್ನು ಮುಚ್ಚಿಡಲಾರೆ. ಗಂಡುಮಕ್ಕಳಿಗೆ ಸಿಕ್ಕಿದ್ದಕ್ಕೆ ಹೊಟ್ಟೆಕಿಚ್ಚಿಲ್ಲ, ಅವರಿಗೂ ಈವರೆಗೆ ಏನೂ ಇರಲಿಲ್ಲ. ಆದರೆ ಒಂದೇ ಟಿಕೆಟ್ಟಿನಲ್ಲಿ ಎರಡೂ ತಂಡ ಆಡಿಸುವ ಆಟದಲ್ಲಿ, ಮೊದಲ ದಿನದಿಂದಲೇ ಇಬ್ಬರನ್ನೂ ಇಳಿಸಲು ಏನು ಅಡ್ಡಿಯಿತ್ತು?

ನಮ್ಮಲ್ಲಿ ಕ್ರೀಡಾಪಟುವಿನ ನಿಜವಾದ ಸಂಬಳ ಎಂದರೆ ರೈಲ್ವೆ, ಪೊಲೀಸ್, ಸೇನೆಯ ಕೆಲಸ. ಅದೂ ಒಂದು ಕಾಗದದ ಮೇಲೆ ನಿಂತಿದೆ. ಕಾಲೇಜು ದಿನಗಳಲ್ಲಿ ಖೋ ಖೋ ಬಿಟ್ಟು ಬೇರೊಂದು ಆಟಕ್ಕೆ ಬಾ ಎಂದು ನನ್ನನ್ನು ಕರೆದಿದ್ದರು. ಎತ್ತರ ಇದೆ, ವೇಗ ಇದೆ, ಎರಡು ವರ್ಷ ಆಡು, ಕೆಲಸ ಖಾತ್ರಿ ಎಂದರು. ಎರಡು ವರ್ಷ ಆಡಿದೆ. ಪ್ರಮಾಣಪತ್ರ ಹಿಡಿದು ಕ್ರೀಡಾ ಮೀಸಲಾತಿಯಲ್ಲಿ ಅರ್ಜಿ ಹಾಕಿದಾಗ, ಆ ಪಂದ್ಯಾವಳಿ ಮಾನ್ಯತೆಯ ಪಟ್ಟಿಯಲ್ಲಿ ಇಲ್ಲವೆಂದು ಅರ್ಜಿ ವಾಪಸು ಬಂತು. ಪ್ರಯಾಣ ಭತ್ಯೆ ಇವತ್ತಿಗೂ ಬಂದಿಲ್ಲ. ಕರೆದವರು ಕೆಟ್ಟವರಾಗಿರಲಿಲ್ಲ, ಅವರಿಗೆ ತಂಡ ಬೇಕಿತ್ತು. ಆ ಎರಡು ವರ್ಷದಲ್ಲಿ ನನ್ನ ಖೋ ಖೋ ಜಾಗಕ್ಕೆ ಬೇರೊಬ್ಬಳು ಬಂದಿದ್ದಳು.

ಹಾಗಾಗಿ ಆ ತಾಯಿಗೆ ಹೋಗಬೇಡಿ ಎನ್ನಲಿಲ್ಲ. ಹುಡುಗಿ ಓಡುವುದನ್ನು ನೋಡಿದವರು ಯಾರೂ ಹಾಗೆ ಹೇಳಲಾರರು. ನಿನ್ನೆ ಅವರನ್ನು ಮತ್ತೆ ಕರೆಸಿ ಒಂದು ಚೀಟಿ ಬರೆದುಕೊಟ್ಟೆ. ರಗ್ಬಿಗೆ ಕರೆದ ಶಿಬಿರದವರನ್ನು ಕೇಳಬೇಕಾದ ಮಾತುಗಳು: ಭತ್ಯೆ ಎಷ್ಟು, ಎಷ್ಟು ತಿಂಗಳವರೆಗೆ, ಹುಡುಗರಿಗೂ ಅಷ್ಟೇನಾ? ಮೊಣಕಾಲಿಗೆ ಪೆಟ್ಟಾದರೆ ಶಸ್ತ್ರಚಿಕಿತ್ಸೆಯ ಖರ್ಚು ಯಾರದು? ಮಾರ್ಚಿನ ಪರೀಕ್ಷೆಗೆ ಊರಿಗೆ ಕಳುಹಿಸುತ್ತಾರೆಯೇ? ಇಲ್ಲಿ ಕೊಡುವ ಪ್ರಮಾಣಪತ್ರ ಸರ್ಕಾರಿ ಕೆಲಸಕ್ಕೆ ನಡೆಯುತ್ತದೆಯೇ, ನಡೆಯುತ್ತದೆ ಎಂದು ಬರೆದುಕೊಡುತ್ತಾರೆಯೇ?

ಅವರಿಗೆ ಓದಲು ಬರುವುದಿಲ್ಲ. ಮಗಳು ಗಟ್ಟಿಯಾಗಿ ಎರಡು ಸಲ ಓದಿ ಹೇಳಿದಳು. "ಇಷ್ಟೆಲ್ಲ ಕೇಳಿದರೆ ಬೇಸರ ಮಾಡಿಕೊಳ್ಳುವುದಿಲ್ಲವೇ ಮೇಡಂ?" ಎಂದರು ಆ ತಾಯಿ. ಮಾಡಿಕೊಂಡರೆ ಮಾಡಿಕೊಳ್ಳಲಿ, ನಾನೂ ಜೊತೆಗೆ ಬರುತ್ತೇನೆ ಎಂದೆ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡರು. ಶಿಬಿರ ಬರುವ ಶನಿವಾರ.