ಚಿಕ್ಕಪ್ಪನ ಗ್ರೈಂಡಿಂಗ್ ವೀಲೂ ನನ್ನ ರೋಲ್ ಕೇಜೂ

ನಮ್ಮ ಚಿಕ್ಕಪ್ಪಂದು ಕೋಲಾರದಲ್ಲಿ ಬಂಗಾರಪೇಟೆ ರೋಡಲ್ಲಿ ವೆಲ್ಡಿಂಗ್ ಅಂಗಡಿ. ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲರ್ರು, ಟೊಮೆಟೊ ಗಾಡಿಗಳ ಬಾಡಿ, ಏನ್ ಬಂದ್ರೂ ಆಗಲ್ಲ ಅನ್ನೋ ಮಾತೇ ಇಲ್ಲ. ಸ್ಕೂಲ್ ರಜಾ ಬಂದ್ರೆ ನಾನು ಅಲ್ಲೇ ಬಿದ್ದಿರ್ತಿದ್ದೆ, ಪೈಪ್ ಹಿಡ್ಕೊಳ್ಳೋದು, ರಾಡ್ ಎತ್ಕೊಡೋದು, ನೋಡ್ಬೇಡ ಅಂದ್ರೂ ಬೆಳಕು ನೋಡೋದು, ರಾತ್ರಿ ಕಣ್ಣುರಿ ಅಂತ ಒದ್ದಾಡಿ ಅಜ್ಜಿ ಹತ್ರ ಬೈಸ್ಕೊಂಡು ಆಲೂಗಡ್ಡೆ ಬಿಲ್ಲೆ ಕಣ್ಮೇಲೆ ಇಟ್ಕೊಂಡು ಮಲಗೋದು. ಆ ಅಂಗಡೀಲಿ ಒಂದೇ ಒಂದು ಕಾನೂನಿತ್ತು, ವೆಲ್ಡ್ ಮಾಡಿದ ಜಾಗ ಕಣ್ಣಿಗೆ ಬೀಳಬಾರ್ದು. ವೆಲ್ಡ್ ಆದ್ಮೇಲೆ ಗ್ರೈಂಡಿಂಗ್ ವೀಲ್ ಹಾಕಿ ನುಣ್ಣಗೆ ಉಜ್ಜಿ, ಪುಟ್ಟಿ ಮೆತ್ತಿ, ರೆಡ್ ಆಕ್ಸೈಡ್ ಹೊಡೆದು, ಬೆರಳಲ್ಲಿ ಸವರಿ ನೋಡಿದ್ರೂ ಜಾಯಿಂಟ್ ಎಲ್ಲಿದೆ ಅಂತ ಗೊತ್ತಾಗಬಾರ್ದು. "ಫಿನಿಶಿಂಗ್ ಇಲ್ದಿದ್ರೆ ಅದೂ ಒಂದು ಕೆಲ್ಸಾನೇನೋ" ಅನ್ನೋರು.

ಆ ಪಾಠಾನೇ ನಾನು ಅಮೆರಿಕದ ಒಹಾಯೊಗೆ ಹೊತ್ಕೊಂಡು ಹೋಗಿ ಪೆಟ್ಟು ತಿಂದಿದ್ದು.

ಇಲ್ಲಿಗೆ ಬಂದು 14 ವರ್ಷ ಆಯ್ತು. ಹೊಟ್ಟೆಪಾಡಿಗೆ ಕಂಪ್ಯೂಟರ್ ಮುಂದೆ ಕೂರ್ತೀನಿ, ಮಿಕ್ಕಿದ್ದೆಲ್ಲ ಗ್ಯಾರೇಜಲ್ಲಿ. 1989ರ ಫೋರ್ಡ್ ಮಸ್ಟಾಂಗ್ ಕಾರ್ ಒಂದಿದೆ, ಜನ ಫಾಕ್ಸ್ ಬಾಡಿ ಅಂತಾರಲ್ಲ ಆ ಕಾಲದ್ದು, ತುಕ್ಕು ಹಿಡಿದ ಡಬ್ಬ ತಗೊಂಡು ನಾನೇ ಬಿಚ್ಚಿ ನಾನೇ ಜೋಡಿಸಿದ್ದು. ಅದನ್ನ ಡ್ರ್ಯಾಗ್ ರೇಸಿಗೆ ಓಡಿಸ್ತೀನಿ, ಅಂದ್ರೆ ನೇರ ದಾರೀಲಿ ಯಾರು ಬೇಗ ಅನ್ನೋ ಓಟ. ಕಾಲು ಮೈಲಿ, ಅಂದ್ರೆ 402 ಮೀಟರ್, ಒಂದಿನ 11.38 ಸೆಕೆಂಡಲ್ಲಿ ಓಡ್ತು. ನಾನು ಕುಣ್ಕೊಂಡು ಚೀಟಿ ಇಸ್ಕೊಳ್ಳೋಕೆ ಹೋದ್ರೆ ಅಲ್ಲಿರೋ ಯಜಮಾನ ನಗ್ತಾನೇ ಹೇಳ್ದ, ಇವತ್ತಿಗೆ ನಿನ್ ಆಟ ಮುಗೀತು, ಮುಂದಿನ್ ಸಲ ರೋಲ್ ಬಾರ್ ಇಲ್ದೆ ಗೇಟ್ ಒಳಗೆ ಬರ್ಬೇಡ ಅಂತ. (ಗಾಡಿ ಮಗುಚಿದ್ರೆ ತಲೆ ಉಳಿಸೋಕೆ ಸೀಟಿನ ಹಿಂದೆ ಹಾಕೋ ಪೈಪಿನ ಕಮಾನು ಅದು.) ಇಲ್ಲಿ ಡ್ರ್ಯಾಗ್ ರೇಸ್ ನೋಡ್ಕೊಳ್ಳೋ ಸಂಸ್ಥೆ ಎನ್‌ಎಚ್‌ಆರ್‌ಎ ರೂಲ್ ಪ್ರಕಾರ 11.49 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಓಡೋ ನನ್ನಂಥ ಹಳೇ ಗಾಡಿಗೆ ರೋಲ್ ಬಾರ್ ಬೇಕು, 9.99ಕ್ಕೆ ಇಳಿದ್ರೆ ಇಲ್ಲಾ ಗಂಟೆಗೆ 135 ಮೈಲಿ ಸ್ಪೀಡ್ ಮುಟ್ಟಿದ್ರೆ ಪೂರ್ತಿ ರೋಲ್ ಕೇಜೇ, ಅಂದ್ರೆ ಸೀಟಿನ ಸುತ್ತ ಪೈಪಿನ ಪಂಜರಾನೇ ಬೇಕು, ಅದನ್ನ ಇನ್ಸ್‌ಪೆಕ್ಟರ್ ಬಂದು ನೋಡಿ ಸ್ಟಿಕ್ಕರ್ ಅಂಟಿಸ್ಬೇಕು, 3 ವರ್ಷಕ್ಕೊಂದ್ಸಲ ಮತ್ತೆ ನೋಡ್ಬೇಕು. ಹೆಂಗಿದ್ರೂ ಆಸೆ ಬುರುಕ ನಾನು, ಎರಡೆರಡು ಸಲ ಯಾಕೆ ಕಿತ್ತು ಹಾಕೋದು, ಒಂದೇ ಸಲಕ್ಕೆ 10 ಪಾಯಿಂಟ್ ಕೇಜ್ ಕಟ್ಟೇಬಿಡೋಣ ಅಂತ ಕೂತೆ.

ಕೇಜ್ ಪೈಪು 1⅝ ಇಂಚು ಹೊರ ಅಳತೆ, ಗೋಡೆ ದಪ್ಪ ಕಮ್ಮಿ ಅಂದ್ರೂ 0.118 ಇಂಚು ಇರ್ಬೇಕು, ನಮ್ ಲೆಕ್ಕದಲ್ಲಿ 3 ಮಿಲಿಮೀಟರ್. ಇದು ಮೈಲ್ಡ್ ಸ್ಟೀಲಿಗೆ. ಕ್ರೋಮೋಲಿ ಅನ್ನೋ ಗಟ್ಟಿ ಮಿಶ್ರ ಉಕ್ಕಾದ್ರೆ 0.083 ಸಾಕು, ತೂಕಾನೂ ಕಮ್ಮಿ, ಆದ್ರೆ ಅದಕ್ಕೆ ಆರ್ಗಾನ್ ವೆಲ್ಡಿಂಗೇ ಆಗ್ಬೇಕು, ನನ್ನ ಕೈಗೆ ಅದು ಕೂತಿಲ್ಲ. ಅಂಗಡೀಲಿ ಸಿಗೋ ಪೈಪು 0.120, ಅಂದ್ರೆ ಉಸಿರಾಡೋಕೂ ಜಾಗ ಇಲ್ಲ, ಬಗ್ಗಿಸಿದ ಕಡೆ ಹೊರಗಿನ ಗೋಡೆ ಎಳೆದು ಸ್ವಲ್ಪ ತೆಳ್ಳಗಾಗುತ್ತಲ್ಲ, ಅಲ್ಲಿ ದಪ್ಪ ಅಳೆಯೋ ಮೀಟರ್ ಇಟ್ರೆ ಫೇಲ್. ಅದಕ್ಕೆ ತಿಳಿದೋರು 0.134 ತಗೋತಾರೆ, ನಾನೂ ಅದನ್ನೇ ತಗೊಂಡೆ.

ಈಗ ಕೋಲಾರಕ್ಕೆ ಬರ್ತೀನಿ. ಕಟ್ಟೋವಾಗ ದಿನಾ ರಾತ್ರಿ ಚಿಕ್ಕಪ್ಪಂಗೆ ವಿಡಿಯೋ ಕಾಲ್, ಅಲ್ಲಿ ಬೆಳಗ್ಗೆ, ಅಂಗಡಿ ಬಾಗ್ಲು ತೆಗೆಯೋ ಹೊತ್ತು. ಅವರಿಗೆ ಡ್ರ್ಯಾಗ್ ರೇಸ್ ಅಂದ್ರೆ ಏನು ಅಂತ ಇವತ್ತಿಗೂ ಅರ್ಥ ಆಗಿಲ್ಲ ("ಬರೀ ನೇರ ಓಡ್ಸೋಕೆ ಇಷ್ಟೆಲ್ಲ ಯಾಕೋ?"), ಆದ್ರೆ ಕಬ್ಬಿಣ ಅರ್ಥ ಆಗುತ್ತೆ. ಒಂದು ಪೈಪ್ ಇನ್ನೊಂದಕ್ಕೆ ಕೂರೋ ಕಡೆ ಮೀನಿನ ಬಾಯಿ ಥರ ಕತ್ತರಿಸ್ಬೇಕಲ್ಲ, ಇಲ್ಲಿ ಅದಕ್ಕೊಂದು ಮೆಷೀನು, ಹೋಲ್ ಸಾ ಹಾಕಿದ್ರೆ ಕತ್ತರಿಸ್ಕೊಡುತ್ತೆ. ಆದ್ರೆ ಓರೆ ಜಾಸ್ತಿ ಇರೋ ಜಾಯಿಂಟಿಗೆ ಅದೂ ಕೈ ಎತ್ತುತ್ತೆ. ಚಿಕ್ಕಪ್ಪ ಹಳೇ ಪೇಪರ್ ಸುತ್ತಿ, ಚಾಕ್‌ಪೀಸಲ್ಲಿ ನಾಲ್ಕು ಗೆರೆ ಎಳೆದು, ಕಟಿಂಗ್ ವೀಲಲ್ಲೇ ಕತ್ತರಿಸಿ ತೋರ್ಸಿದ್ರು, ಸಂದಿಯಲ್ಲಿ ಬೀಡಿ ಎಲೆ ತೂರಲ್ಲ ಹಂಗೆ. ನಾನು ನಾಲ್ಕು ಪೈಪ್ ಹಾಳು ಮಾಡಿ ಕಲಿತೆ.

ಇನ್ನೊಂದು ತಲೆನೋವು ಮೇಲಿನ ಜಾಯಿಂಟ್. ಹೂಪ್, ಅಂದ್ರೆ ಸೀಟಿನ ಹಿಂದಿನ ಕಮಾನು ಪೈಪು, ಸೀಲಿಂಗಿಗೆ ಅಂಟ್ಕೊಂಡಿರುತ್ತೆ, ಪೈಪ್ ಸುತ್ತ ಪೂರ್ತಿ ವೆಲ್ಡ್ ಬೇಕು, ಮೇಲ್ಗಡೆ ಟಾರ್ಚ್ ಹೋಗೋಕೆ ಜಾಗ ಎಲ್ಲಿ? ಚಿಕ್ಕಪ್ಪ ಎರಡು ನಿಮಿಷ ಸುಮ್ನೆ ನೋಡಿ, "ಕೆಳಗಿಳಿಸೋ, ಮೇಲ್ಗಡೆ ಮುಗಿಸ್ಕೊಂಡು ಆಮೇಲೆ ಎತ್ತು" ಅಂದ್ರು. ಅಂದ್ರೆ ಪೈಪಿನ ಕಾಲಡಿ ಪ್ಲೇಟ್ ಕೂರೋ ಜಾಗದಲ್ಲಿ ನೆಲದ ತಗಡು ತೂತು ಮಾಡಿ, ಪೂರ್ತಿ ಕೇಜನ್ನ ನಾಲ್ಕೈದು ಇಂಚು ಕೆಳಕ್ಕೆ ಇಳಿಸಿ, ಮೇಲಿನ ವೆಲ್ಡ್ ಮುಗಿಸಿ, ಮತ್ತೆ ಎತ್ತಿ ಕೆಳಗೆ ಪ್ಲೇಟ್ ಕೊಡೋದು. ಇಲ್ಲಿನ ಹಳೇ ಬಿಲ್ಡರ್‌ಗಳೂ ಇದನ್ನೇ ಮಾಡ್ತಾರೆ ಅಂತ ಆಮೇಲೆ ತಿಳೀತು. ರೋಲ್ ಕೇಜ್ ಕಣ್ಣಲ್ಲೂ ನೋಡದೇ ಇರೋ ಮನುಷ್ಯನಿಗೆ ಇದು ಹೊಳೀತಲ್ಲ, ಅದೇ ನನಗೆ ಖುಷಿ.

ಚಾಸಿ ವಿಷಯದಲ್ಲಂತೂ ಅವರು ಹೇಳಿದ್ದು ಬಂಗಾರ. ಈ ಫಾಕ್ಸ್ ಬಾಡಿಗೆ ಲಾರಿ ಥರ ಉದ್ದಕ್ಕೂ ಚಾಸಿ ಇಲ್ಲ. ಮುಂದೊಂದು ತುಂಡು ಚಾಸಿ (ಸಬ್‌ಫ್ರೇಮು), ಹಿಂದೊಂದು, ನಡುವೆ ಬರೀ ತಗಡು. ದೊಡ್ಡ ಇಂಜಿನ್ನು, ಒಳ್ಳೇ ಟೈರು ಹಾಕಿ ಕ್ಲಚ್ ಬಿಟ್ರೆ ಗಾಡಿ ಒದ್ದೆ ಬಟ್ಟೆ ಹಿಂಡ್ದಂಗೆ ತಿರುಚ್ಕೊಳ್ಳುತ್ತೆ, ಹಿಂದಿನ ಆಕ್ಸಲ್ ಹಿಡಿಯೋ ತೋಳು ಕೂರೋ ತಗಡಿನ ಡಬ್ಬಿ, ಅಂದ್ರೆ ಟಾರ್ಕ್ ಬಾಕ್ಸ್‌ಗಳ ಸ್ಪಾಟ್ ವೆಲ್ಡ್ ಒಂದೊಂದೇ ಬಿಟ್ಕೊಳ್ಳುತ್ತೆ. ಅದಕ್ಕೆ ಎರಡು ಸಬ್‌ಫ್ರೇಮ್ ಸೇರಿಸೋ ಕನೆಕ್ಟರ್ ಹಾಕಿ, ಟಾರ್ಕ್ ಬಾಕ್ಸಿಗೆ ಪ್ಲೇಟ್ ಕೊಡಬೇಕು. ಚಿಕ್ಕಪ್ಪ ಎರಡು ಮಾತು ಹೇಳಿದ್ರು. ಒಂದು, ಗಾಡಿ ಜ್ಯಾಕ್ ಮೇಲೆ ನೇತಾಡ್ತಿರೋವಾಗ ವೆಲ್ಡ್ ಹಾಕ್ಬೇಡ, ಚಕ್ರದ ಮೇಲೆ ಭಾರ ಕೂತಿರ್ಲಿ, ಇಲ್ದಿದ್ರೆ ಸೊಟ್ಟ ಇರೋದು ಸೊಟ್ಟಾನೇ ಫಿಕ್ಸ್ ಆಗುತ್ತೆ. ಎರಡು, ಪ್ಲೇಟ್ ತುದಿ ಚೌಕ ಬಿಡಬೇಡ, ಓರೆ ಕತ್ತರಿಸು, ಚಾಸಿಗೆ ಅಡ್ಡಡ್ಡ ವೆಲ್ಡ್ ಎಳೀಬೇಡ, ಆ ಗೆರೆ ಹಿಡ್ಕೊಂಡೇ ಬಿರುಕು ಬರುತ್ತೆ. ಲಾರಿ ಚಾಸಿ ಮುರಿದು ಬಂದಾಗೆಲ್ಲ ಪಟ್ಟಿ ಕೊಟ್ಟು ಕೊಟ್ಟು ಕಲಿತಿದ್ದು ಅದು. ಪ್ರತಿ ಟ್ಯಾಕ್ (ಸದ್ಯಕ್ಕೆ ಹಿಡಿಯೋ ಸಣ್ಣ ವೆಲ್ಡ್) ಆದ್ಮೇಲೂ ಮೂಲೆಯಿಂದ ಮೂಲೆಗೆ ಟೇಪ್ ಹಿಡಿ, ಒಂದು ಈ ಕಡೆ ಹಾಕಿದ್ರೆ ಇನ್ನೊಂದು ಎದುರುಗಡೆ ಹಾಕು, ಮಧ್ಯೆ ಮಧ್ಯೆ ಬಾಗ್ಲು ತೆಗೆದು ಹಾಕಿ ನೋಡು ಅಂದಿದ್ರು. ನನ್ನ ಗಾಡಿ ಬಾಗ್ಲು ಈಗ ಹೊಸದಕ್ಕಿಂತ ಚೆನ್ನಾಗಿ ಕೂರುತ್ತೆ.

ಇಷ್ಟೆಲ್ಲ ಆಗಿ, ಕೊನೇಗೆ ನಾನು ಚಿಕ್ಕಪ್ಪನ ಮಗನಂಗೆ ಒಂದು ಕೆಲಸ ಮಾಡ್ದೆ. ಬಾಗ್ಲು ತೆಗೆದ್ರೆ ಎದುರಿಗೇ ಕಾಣೋ ಆರು ಜಾಯಿಂಟ್ ಚೆಂದ ಕಾಣ್ಲಿ ಅಂತ ಉಜ್ಜಿಬಿಟ್ಟೆ. ಗಾಜಿನ ಥರ.

ಇನ್ಸ್‌ಪೆಕ್ಟರ್ ಬಂದ. ವಯಸ್ಸಾದ ಮನುಷ್ಯ, ಮಂಡಿ ನೋವು, ಆದ್ರೂ ಗಾಡಿ ಕೆಳಗೆ ತೂರಿ ಮಲಗ್ದ. ಪೈಪ್ ಮೇಲೆ ಒಂದು ಹನಿ ಜೆಲ್ ಇಟ್ಟು ಅಲ್ಟ್ರಾಸೋನಿಕ್ ಮೀಟರ್ ಒತ್ತಿ ದಪ್ಪ ನೋಡ್ದ, ಎಲ್ಲ ಪಾಸು. ಆಮೇಲೆ ಬಾಗ್ಲು ಹತ್ರ ಬಂದು ಆ ಆರು ಜಾಯಿಂಟ್ ಮೇಲೆ ಬೆರಳು ಸವರ್ದ. ನಾನು ಶಹಬ್ಬಾಸ್ ಅಂತಾನೆ ಅಂತ ಕಾಯ್ತಿದೀನಿ. ಅವನು ತಲೆ ಅಲ್ಲಾಡಿಸ್ಬಿಟ್ಟ. ವೆಲ್ಡ್ ಉಜ್ಜೋ ಹಾಗೇ ಇಲ್ಲ, ರೂಲಲ್ಲೇ ಇದೆಯಂತೆ. ಉಜ್ಜಿದ್ರೆ ವೆಲ್ಡ್‌ನ ಮಾಂಸಾನೇ ಹೋಗುತ್ತೆ, ಅದಕ್ಕಿಂತ ಹೆಚ್ಚಾಗಿ ಒಳಗೆ ತೂತಿದೆಯಾ, ಅಂಚು ತಿಂದಿದೆಯಾ, ಬರೀ ಮೇಲೆ ಕೂತಿದೆಯಾ ಅಂತ ಓದೋಕೆ ಅವನಿಗೆ ಆ ಉಬ್ಬೇ ಅಕ್ಷರ, ನಾನು ಅಕ್ಷರ ಅಳಿಸಿ ಉತ್ತರ ಪತ್ರಿಕೆ ಕೊಟ್ಟಂಗಾಯ್ತು. ಆ ಪೈಪ್ ಕತ್ತರಿಸಿ ಹೊಸದು ಹಾಕು ಅಂದ. ಎರಡು ವೀಕೆಂಡ್ ಹೋಯ್ತು, ಹೆಂಡ್ತಿ ಕೈಲಿ ಬೈಸ್ಕೊಂಡಿದ್ದು ಬೇರೆ ಲೆಕ್ಕ.

ಇಲ್ಲಿಂದ ನನ್ನ ವಾದ ಶುರು. ಎನ್‌ಆರ್‌ಐ ಬಂದ ಭಾಷಣ ಬಿಗಿಯೋಕೆ ಅನ್ಬೇಡಿ. ಇಲ್ಲಿನವರ ಕೈ ನಮ್ಮವರಿಗಿಂತ ಚುರುಕು ಅಂತ ನಾನು ಸುತಾರಾಂ ಒಪ್ಪಲ್ಲ, ನನ್ನ ಪಕ್ಕದ ಗ್ಯಾರೇಜಿನವನು ಹಾಕೋ ವೆಲ್ಡ್ ನೋಡಿದ್ರೆ ಚಿಕ್ಕಪ್ಪ ಅವನನ್ನ ಟೀ ತರೋಕೂ ಇಟ್ಕೊಳ್ಳಲ್ಲ. ನಮ್ಮೂರಲ್ಲಿ ಕೆಲಸ ಬಲ್ಲ ಕೈಗೆ ಬರ ಇಲ್ಲ. ಮಾಡಿಸ್ಕೊಂಡೋನೂ ಅಲ್ಲದೆ ಮಾಡಿದೋನೂ ಅಲ್ಲದೆ ಮೂರನೆಯವನೊಬ್ಬ ಬಂದು, ಇದು ಆಗಲ್ಲ ತೆಗಿ ಅನ್ನೋನಿದಾನಲ್ಲ, ಅವನಿಗೆ ಬರ. ಗಿರಾಕಿ ಗಟ್ಟಿ ಇರ್ಲಿ ಅಂತಾನೆ, ವೆಲ್ಡರ್ ಆನೆ ನಿಂತ್ರೂ ಏನೂ ಆಗಲ್ಲ ಅಂತಾನೆ, ಇಬ್ರೂ ಖುಷಿ.

ಇದು ನಮಗೆ ಗೊತ್ತಿಲ್ದೇ ಇರೋ ಸಂಗತಿಯೇನಲ್ಲ. ನಮ್ಮ ತಾತ ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫ್ ಗಣೀಲಿ ಇಳೀತಿದ್ರು. ಗಣಿ 2001ರಲ್ಲಿ ಮುಚ್ತು, ತಾತ ಅದಕ್ಕೂ ಮುಂಚೇನೇ ರಿಟೈರ್. ಅವರು ಹೇಳೋರು, ಗಣಿಗೆ ಜನ ಇಳಿಸೋ ಕೇಜ್ ಎಳೆಯೋ ರೋಪು ನೋಡೋಕೆ ಹೊಸದರ ಥರ ಇದ್ರೂ ಇಷ್ಟು ತಿಂಗಳಿಗೊಂದ್ಸಲ ತುದಿ ಕತ್ತರಿಸಿ, ಬಿಚ್ಚಿ, ಒಳಗಿನ ಎಳೆ ನೋಡ್ಲೇಬೇಕು, ಅಲ್ಲೀವರ್ಗೂ ಯಾರೂ ಇಳಿಯೋ ಹಾಗಿಲ್ಲ ಅಂತ. (ಆ ಕೇಜ್ ಬೇರೆ ಈ ಕೇಜ್ ಬೇರೆ, ಎರಡೂ ಜೀವ ಹಿಡ್ಕೊಳ್ಳೋದೇ.) ಅಂದ್ರೆ ಇದೇ ಜಿಲ್ಲೇಲಿ, ಇದೇ ಜನ, ಪರೀಕ್ಷೆ ಆಗದೇ ಇರೋ ಕಬ್ಬಿಣ ನಂಬ್ತಿರ್ಲಿಲ್ಲ. ಅಲ್ಲಿಂದ ಮೂವತ್ತು ಕಿಲೋಮೀಟರ್ ಈಚೆ ರಸ್ತೆ ಬದಿ ಅಂಗಡಿಗೆ ಆ ಬುದ್ಧಿ ಬರ್ಲಿಲ್ಲ, ಯಾಕಂದ್ರೆ ಗೇಟು ಬಿದ್ರೆ ಯಾರೂ ಸಾಯಲ್ಲ.

ಇದನ್ನ ಈಗ ಬರೆಯೋಕೆ ಕಾರಣ ನಮ್ಮಣ್ಣನ ಮಗ. ಹೋದ್ಸಲ ಊರಿಗೆ ಹೋದಾಗ ನೋಡ್ತೀನಿ, ಹಳೇ ಹೋಂಡಾ ಸಿಟಿ ತಗೊಂಡು ಚಿಕ್ಕಪ್ಪನ ಶೆಡ್ಡಲ್ಲೇ ಡ್ರ್ಯಾಗ್ ಕಾರ್ ಕಟ್ತಾ ಇದಾನೆ. ನನ್ನ ಫೋಟೋ ನೋಡಿ ಹುಚ್ಚು ಹತ್ತಿದ್ದಂತೆ, ಮನೇಲೆಲ್ಲ ನನಗೇ ಬೈಗುಳ. ಹೂಪ್ ಆಗ್ಲೇ ಕೂತಿದೆ. ನೀರಿನ ಜಿಐ ಪೈಪು, ಮರಳು ತುಂಬಿ, ಗ್ಯಾಸಲ್ಲಿ ಕೆಂಪಗೆ ಕಾಸಿ ಬಗ್ಗಿಸಿದ್ದಾರೆ, ಬೆಂಡಲ್ಲಿ ಒಳಗಡೆ ಸುಕ್ಕು. ಸತುವಿನ ಹೊಗೆ ಕುಡಿದು ಹುಡುಗನಿಗೆ ರಾತ್ರಿಯೆಲ್ಲ ಚಳಿ ಜ್ವರ ಬೇರೆ ಬಂದಿತ್ತಂತೆ. ಪೈಪಿನ ಕಾಲು ನೇರವಾಗಿ ನೆಲದ ತಗಡಿಗೆ ವೆಲ್ಡು. ಆ ತಗಡು ಒಂದು ಮಿಲಿಮೀಟರೂ ಇರಲ್ಲ ಸ್ವಾಮಿ, ಗಾಡಿ ಮಗುಚಿದ್ರೆ ಪೈಪ್ ನೆಲ ತೂರ್ಕೊಂಡು ಕೆಳಗೆ ಬರುತ್ತೆ, ಮೇಲಿನ ಹೂಪ್ ತಲೆ ಮೇಲೆ ಕೂರುತ್ತೆ. ಅದಕ್ಕೇ 6 ಇಂಚು ಚೌಕದ, ⅛ ಇಂಚು ದಪ್ಪದ ಪ್ಲೇಟ್ ಮೇಲೊಂದು ಕೆಳಗೊಂದು ಇಟ್ಟು ನಾಲ್ಕು ಬೋಲ್ಟ್ ಹಾಕು ಅನ್ನೋದು, ಇಲ್ಲಾ ಬಾಗಿಲ ಕೆಳಗಿನ ಸಿಲ್ ಪಟ್ಟಿಗೆ ಪ್ಲೇಟ್ ಕೊಟ್ಟು ವೆಲ್ಡ್ ಮಾಡು ಅನ್ನೋದು. ಜಗತ್ತಿನ ಮೋಟಾರ್ ರೇಸಿಂಗ್ ಸಂಸ್ಥೆ ಎಫ್‌ಐಎ ರೂಲಂತೂ ತಣ್ಣಗೆ ಎಳೆದ (ಕೋಲ್ಡ್ ಡ್ರಾನ್), ಜೋಡಣೆ ಗೆರೆ ಇಲ್ದಿರೋ ಸೀಮ್‌ಲೆಸ್ ಪೈಪೇ ಬೇಕು ಅನ್ನುತ್ತೆ, ಮುಖ್ಯ ಹೂಪಿಗೆ 45 ಮಿಲಿಮೀಟರ್ ಆದ್ರೆ ಗೋಡೆ 2.5, 50 ಆದ್ರೆ 2, ಬಗ್ಗಿಸೋದೂ ತಣ್ಣಗಿರೋವಾಗ್ಲೇ.

ಇನ್ನೂ ಭಯ ಆಗಿದ್ದು ಬೇರೆ. ಇದೇ ಗಾಡೀನ ಟಮಕದಿಂದ ನರಸಾಪುರಕ್ಕೆ ದಿನಾ ಕೆಲಸಕ್ಕೂ ತಗೊಂಡು ಹೋಗ್ತೀನಿ ಚಿಕ್ಕಪ್ಪಾ ಅಂತಾನೆ ನನಗೆ. ಕೇಜ್ ಇರೋ ಗಾಡೀಲಿ ಹೆಲ್ಮೆಟ್ ಇಲ್ದೆ, ಐದು ಪಾಯಿಂಟ್ ಬೆಲ್ಟ್ ಇಲ್ದೆ ಕೂತ್ರೆ ಸಣ್ಣ ಆಕ್ಸಿಡೆಂಟಲ್ಲೂ ಬುರುಡೆ ಹೋಗಿ ಹೊಡೆಯೋದು ಅದೇ ಪೈಪಿಗೆ, ಕೇಜ್ ಇಲ್ದಿದ್ರೇ ಬದುಕ್ಕೊಳ್ತಿದ್ದ. ಮೇಲಿಂದ ಮೋಟಾರು ವಾಹನ ಕಾಯ್ದೆ ಸೆಕ್ಷನ್ 52, ಕಂಪನಿಯವರು ಮಾಡಿದ್ದನ್ನ ಬದಲಾಯಿಸಿ ರೋಡಿಗಿಳಿಸೋ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ರೇಸ್ ಗಾಡಿ ಅಂದ್ರೆ ಟ್ರೇಲರ್ ಮೇಲೆ ಹೋಗ್ಬೇಕು. ರೇಸ್ ಎಲ್ಲಿ ಅಂತ ಕೇಳಿದ್ರೆ ಅವನ ಸ್ನೇಹಿತ್ರು ಬೇತಮಂಗಲದ ಕಡೆ ಹೊಸ ಎಕ್ಸ್‌ಪ್ರೆಸ್‌ವೇ ಇದೆಯಲ್ಲಾ ಅಂತ ಹಲ್ಲು ಕಿರೀತಾರೆ. ನಾನು ಕೈ ಎತ್ತಿದ್ದು ಅದೊಂದೇ ಸಲ, ಹೊಡೀಲಿಲ್ಲ. ಮಹಾರಾಷ್ಟ್ರದ ಆಂಬಿ ವ್ಯಾಲಿ ಏರ್‌ಸ್ಟ್ರಿಪ್‌ನಲ್ಲಿ ವ್ಯಾಲಿ ರನ್ ಅಂತ ಡ್ರ್ಯಾಗ್ ರೇಸ್ ನಡೆಸ್ತಾರಲ್ಲ, ಅಂಥ ಕಡೆ ದುಡ್ಡು ಕಟ್ಟಿ ಹೋಗು, ಅಲ್ಲಿ ಬೇಡ ಅನ್ನೋಕಾದ್ರೂ ಒಬ್ಬ ಇರ್ತಾನೆ ಅಂದೆ.

ಇಲ್ಲಿನ ಪದ್ಧತೀಲಿ ತಪ್ಪಿಲ್ವಾ? ಇದೆ. ಎಲ್ಲಕ್ಕೂ ಕಿಟ್ಟು, ಎಲ್ಲಕ್ಕೂ ಬಗ್ಗಿಸಿ ಕೊಟ್ಟಿರೋ ಪೈಪು, ರೂಲ್ ಬುಕ್ಕಲ್ಲಿ ಇಲ್ಲ ಅಂದ್ರೆ ಯೋಚನೆ ಮಾಡೋಕೇ ಬರಲ್ಲ ಎಷ್ಟೋ ಜನಕ್ಕೆ. ಸ್ಟಿಕ್ಕರ್ ಸಿಕ್ತು ಅಂದ್ರೆ ಗಾಡಿ ಗಟ್ಟಿ ಅಂತ ಕಣ್ಮುಚ್ಚಿ ನಂಬ್ತಾರೆ. ಚಿಕ್ಕಪ್ಪ ಸುತ್ತಿಗೇಲಿ ಒಂದೇಟು ಹಾಕಿ ಸದ್ದು ಕೇಳಿ ಜಾಯಿಂಟ್ ಹೇಳ್ತಾರೆ, ಆ ಕಿವಿ ಇಲ್ಲಿಲ್ಲ. ಆದ್ರೆ ಆ ಕಿವೀನೂ ಮೀಟರ್ರೂ ಜೊತೇಲಿದ್ರೆ ಯಾರಿಗೇನ್ ನಷ್ಟ?

ಚಿಕ್ಕಪ್ಪಂಗೆ ಉಜ್ಜೋ ವಿಷಯ ಒಪ್ಪಿಸೋಕೆ ಮೂರು ದಿನ ಹಿಡೀತು. "ಏಮಿರಾ ಇದಿ, ನನ್ ಕೆಲಸ ನೋಡಿ ಜನ ಉಗೀತಾರೆ" ಅಂತ ಅಂಗಡಿ ತುಂಬ ತೆಲುಗಲ್ಲಿ ರಂಪ. ಕೊನೇಗೆ ಒಂದೇ ಥರದ ಎರಡು ಜಾಯಿಂಟ್ ಮಾಡ್ಸಿ, ಒಂದನ್ನ ಉಜ್ಜಿ ಒಂದನ್ನ ಬಿಟ್ಟು, ಎರಡನ್ನೂ ವೈಸಲ್ಲಿ ಕಚ್ಚಿಸಿ ಉದ್ದ ಪೈಪ್ ತೂರಿಸಿ ಬಗ್ಗಿಸಿದ್ವಿ. ಉಜ್ಜಿದ್ದು ವೆಲ್ಡ್ ಗೆರೆಯಲ್ಲೇ ಬಾಯಿ ಬಿಡ್ತು. ಬಿಟ್ಟಿದ್ದು ಪೈಪೇ ಮಡಚ್ಕೊಂಡ್ರೂ ಜಾಯಿಂಟ್ ಹಿಡ್ಕೊಂಡಿತ್ತು. ಚಿಕ್ಕಪ್ಪ ಮಾತಾಡ್ಲಿಲ್ಲ, ಹೋಗಿ ಟೀ ಹೇಳಿದ್ರು. ಸಾಯಂಕಾಲ ಅವರೇ ಕಟಿಂಗ್ ವೀಲ್ ಹಿಡಿದು ಆ ಜಿಐ ಹೂಪ್ ಕಿತ್ತು ಹೊರಗೆಸೆದ್ರು. ಅದೀಗ ಮನೆ ಹಿಂದೆ ನೆಟ್ಟಿದೆ, ಚಿಕ್ಕಮ್ಮ ಸೋರೆ ಬಳ್ಳಿ ಹಬ್ಬಿಸಿದಾರೆ.

ಸೀಮ್‌ಲೆಸ್ ಪೈಪಿಗೆ ದುಡ್ಡು ನಾನೇ ಕಳಿಸ್ದೆ, ಬೆಂಗಳೂರಲ್ಲಿ ಬಗ್ಗಿಸ್ಕೊಂಡು ಬಂದ್ರು, ವೆಲ್ಡಿಂಗಿಗೆ ಸಿಓಟು ಮೆಷೀನು ಬಾಡಿಗೆಗೆ. ಮೊನ್ನೆ ಮೊದಲನೇ ಜಾಯಿಂಟಿನ ಫೋಟೋ ಬಂತು, ಕಾಸು ಜೋಡಿಸಿಟ್ಟಂಗೆ ಸಾಲಾಗಿ ಕೂತಿದೆ ವೆಲ್ಡು. ಕೆಳಗೆ ಚಿಕ್ಕಪ್ಪನ ವಾಯ್ಸ್ ಮೆಸೇಜು: "ಉಜ್ಜಿಲ್ಲ ಕಣೋ. ಬೆಳಗ್ಗಿಂದ ಕೈ ತುರಿಸ್ತಾ ಇದೆ, ಬೇಗ ನೋಡಿ ಹೂಂ ಅನ್ನು, ಪೇಂಟಾದ್ರೂ ಹೊಡೀತೀನಿ."