ಕಣ್ಣುರಿಗೆ ಉರಿಮದ್ದು

ಕಾಸರಗೋಡು ಪೇಟೆಯಿಂದ ಬದಿಯಡ್ಕದ ಕಡೆಗೆ ಹೊರಟ ಬಸ್ಸಿನಲ್ಲಿ ಒಮ್ಮೆ ಕಣ್ಣುಜ್ಜಿಕೊಂಡು ನೋಡಿ. ನಿಮ್ಮ ಸ್ಟಾಪು ಬರುವುದರೊಳಗೆ ಸಮಗ್ರ ನೇತ್ರಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ. ಹೆದ್ದಾರಿ ಕೆಲಸದ ಧೂಳು ಹೊಕ್ಕು ನನ್ನ ಕಣ್ಣು ಉರಿಯುತ್ತಿದ್ದಾಗ, ಪಕ್ಕದವರು ನಂದಿಬಟ್ಟಲ ಹೂವನ್ನು ರೆಪ್ಪೆಯ ಮೇಲಿಟ್ಟು ಮಲಗಲು ಹೇಳಿದರು, ಹಿಂದಿನವರು ಕೊತ್ತಂಬರಿ ನೀರು ಎಂದರು, ಕಂಬಿ ಹಿಡಿದು ನಿಂತಿದ್ದವರು ಹರಳೆಣ್ಣೆಯ ಪರವಾಗಿ ವಾದಿಸಿದರು. ನಾನು ಯಾರನ್ನೂ ಕೇಳಿರಲಿಲ್ಲ.

ಇವರೆಲ್ಲರನ್ನೂ ಮೀರಿಸಿದವರು ನನ್ನ ಸೋದರಮಾವ. ಅವರ ನಂಬಿಕೆ ಏನಿದ್ದರೂ ಇಳನೀರ್ ಕುಳಂಬಿನಲ್ಲಿ. ಎಳನೀರು, ಜೇನು, ಕರ್ಪೂರ, ಸೈಂಧವ ಲವಣ ಮುಂತಾದವು ಸೇರಿದ, ಕೇರಳದ ವೈದ್ಯಶಾಲೆಗಳಲ್ಲೆಲ್ಲ ಸಿಗುವ ಆ ಮಂದ ದ್ರವವನ್ನು ಹಾಕಿಕೊಳ್ಳುವುದೆಂದರೆ ನಮ್ಮಲ್ಲಿ ಒಂದು ಅನುಷ್ಠಾನ. ಮಾವ ಜಗಲಿಯಲ್ಲಿ ಚಾಪೆ ಹಾಸಿಸುತ್ತಾರೆ, ಕನ್ನಡಕವನ್ನು ಪಂಚಾಂಗದ ಮೇಲಿಡುತ್ತಾರೆ, ಯಾರೂ ಮಾತನಾಡಿಸಕೂಡದೆಂದು ಅಪ್ಪಣೆ ಕೊಟ್ಟು ಅಂಗಾತ ಮಲಗುತ್ತಾರೆ. ಹನಿ ಬಿದ್ದೊಡನೆ ಕಾಲುಗಳೆರಡೂ ನೆಲಕ್ಕೆ ಬಡಿಯತೊಡಗುತ್ತವೆ. ಅಂಗಳದ ನಾಯಿ ಎದ್ದು ತೋಟದ ಕಡೆಗೆ ಹೋಗುತ್ತದೆ. ಧಾರಾಕಾರವಾಗಿ ನೀರು ಸುರಿದು ನಿಂತ ಮೇಲೆ ಮಾವ ಎದ್ದು ಕುಳಿತು, ತೋಟದ ಆಚೆ ಬದಿಯ ಕಂಗಿನ ಹಿಂಗಾರವೂ ಈಗ ಸ್ಪಷ್ಟವಾಗಿ ಕಾಣಿಸುತ್ತದೆ ಎಂದು ಘೋಷಿಸುತ್ತಾರೆ. ಅಲ್ಲಿ ಹಿಂಗಾರವಿದೆಯೇ ಎಂದು ಹೋಗಿ ನೋಡಿದವರಿಲ್ಲ. ಇಷ್ಟು ಉರಿಯುವುದೇಕೆ ಎಂದು ಕೇಳಿದರೆ, "ಉರಿಯದಿದ್ದರೆ ಅದು ಮದ್ದೋ ಮಾರಾಯಾ?" ಎಂಬ ಮರುಪ್ರಶ್ನೆ ಸಿದ್ಧವಿರುತ್ತದೆ.

ನಾನು ಕಣ್ಣಿನ ಡಾಕ್ಟರರಲ್ಲಿಗೆ ಹೋದೆ. ಕೆನ್ನೆಯ ಮೇಲೆ ನೀರಿಳಿಯುತ್ತಿದ್ದ ನನ್ನನ್ನು ನೋಡಿ ಅವರು ಕಣ್ಣು ಒಣಗಿದೆ ಎಂದರು. ಕಣ್ಣೀರಿನ ಮೇಲ್ಪದರದಲ್ಲಿರಬೇಕಾದ ಎಣ್ಣೆಯಂಶ ಕಡಿಮೆಯಾದರೆ ನೀರು ಬೇಗನೆ ಆರುತ್ತದೆಯಂತೆ. ಆಗ ಉರಿ ಹುಟ್ಟಿ, ಆ ಉರಿಗೆ ಬೆದರಿದ ಕಣ್ಣು ಮತ್ತಷ್ಟು ನೀರು ಸುರಿಸುತ್ತದೆಯಂತೆ. ಮೊಬೈಲು ನೋಡುವಾಗ ನಾವು ರೆಪ್ಪೆ ಬಡಿಯುವುದನ್ನೇ ಮರೆಯುವುದರಿಂದ, 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕು, ಫ್ಯಾನಿನ ಗಾಳಿ ಮುಖಕ್ಕೆ ಬೀಳಬಾರದು, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲಿಡಬೇಕು ಎಂದು ಹೇಳಿ, ಕೃತಕ ಕಣ್ಣೀರಿನ ಸೀಸೆಯೊಂದನ್ನು ಬರೆದುಕೊಟ್ಟರು.

ಆ ಸೀಸೆಯನ್ನು ಮಾವ ತಿರುತಿರುಗಿಸಿ ನೋಡಿದರು. "ಅಳುವುದಕ್ಕೂ ಅಂಗಡಿಗೆ ದುಡ್ಡು ಕೊಡಬೇಕೋ? ಕುಳಂಬು ಹಾಕು, ಬೇಕಾದಷ್ಟು ಬರುತ್ತದೆ." ಹಾಗೆ ಉಕ್ಕಿ ಬರುವ ನೀರು ಕಣ್ಣಲ್ಲಿ ನಿಲ್ಲದೆ ಹರಿದುಹೋಗುತ್ತದೆಂದು ನಾನು ವಿವರಿಸತೊಡಗಿದೆ. ಅಷ್ಟರಲ್ಲಿ ಅವರು ಅತ್ತೆಯ ಮಂಡಿನೋವಿಗೆ ಮದ್ದು ಹೇಳಲು ಆರಂಭಿಸಿದ್ದರು.